‘ಬಾ’ ಅಂದರೆ ದೂರ ಓಡುತ್ತಿದ್ದ ಗುಂಡ

ಗೇಟು ತೆರೆದಿತ್ತು. ನಮ್ಮ ನಾಯಿ ಗುಂಡನಿಗೆ ಆಗ ಒಂಬತ್ತು ತಿಂಗಳು. ರಸ್ತೆಯ ಆಚೆ ಬೆಕ್ಕು ಕಂಡದ್ದೇ ತಡ, ಒಂದೇ ನೆಗೆತಕ್ಕೆ ಹೊರಗೆ ಹೋದ. ನಾನು ಹಿಂದೆಯೇ ಓಡಿ “ಗುಂಡಾ, ಬಾ!” ಎಂದು ಕೂಗಿದೆ. ಅವನು ನಿಂತ. ತಿರುಗಿ ನನ್ನ ಮುಖ ನೋಡಿದ. ಆಮೇಲೆ ಇನ್ನೂ ಜೋರಾಗಿ ಓಡಿದ. ಕಾರೊಂದು ಬ್ರೇಕ್ ಹಾಕಿ ಅವನಿಂದ ಒಂದು ಮಾರು ದೂರದಲ್ಲಿ ನಿಂತಿತು.

ಅವನಿಗೆ ಏನೂ ಆಗಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವನಿಗೆ ಕೇಳಿಸಿತ್ತು. ಕೇಳಿಸಿಯೂ ಓಡಿದ್ದ. ಯಾಕೆ? ನಾನು ದಿನದಲ್ಲಿ ಯಾವಾಗೆಲ್ಲ ‘ಬಾ’ ಅನ್ನುತ್ತೇನೆ ಎಂದು ಯೋಚಿಸುತ್ತಾ ಮಲಗಿದೆ. ಸ್ನಾನ ಮಾಡಿಸಲು ಬಾ. ಆಟ ಸಾಕು, ಬಾ. ನಾವು ಹೊರಗೆ ಹೊರಟಾಗ ಒಳಗೆ ಕೂಡಿಹಾಕಲು ಬಾ. ಚಪ್ಪಲಿ ಕಚ್ಚಿ ಹಾಕಿದಾಗ, “ಬಾ ಇಲ್ಲಿ, ಏನಿದು?” ಒಂದಾದರೂ ಅವನಿಗೆ ಬೇಕಾದದ್ದು ಇತ್ತಾ? ‘ಬಾ’ ಅಂದರೆ ಖುಷಿಯ ಸಂಗತಿ ಮುಗಿಯಿತು ಅಂತ ಅವನು ಕಲಿತಿದ್ದ. ಕಲಿಸಿದ್ದು ನಾನು.

ನಾಯಿಗೆ ಪಾಠ ಹೇಳುವುದು ದಿನಕ್ಕೆ ಹತ್ತು ನಿಮಿಷದ ಕೆಲಸ ಎಂದುಕೊಂಡಿದ್ದೆ. ನಿಜಕ್ಕೂ ಅದು ಇಡೀ ದಿನ ಕಲಿಯುತ್ತಲೇ ಇರುತ್ತದೆ. ನಾವು ಬಾಯಲ್ಲಿ ಹೇಳಿದ್ದನ್ನಲ್ಲ, ಹೇಳಿದ ಮರುಕ್ಷಣ ಏನಾಯಿತು ಅನ್ನುವುದನ್ನು. ಇದು ಅರ್ಥವಾದ ಮೇಲೆಯೇ ನಮ್ಮ ಮನೆಯಲ್ಲಿ ಕಲಿಕೆ ಶುರುವಾಯಿತು.

ಅದಕ್ಕೂ ಮೊದಲು ಒಬ್ಬ ತರಬೇತುದಾರರನ್ನು ಕರೆಸಿದ್ದೆವು. ಕತ್ತಿಗೆ ಬಿಗಿಯುವ ಚೈನು ಹಾಕಿ, ತಪ್ಪು ಮಾಡಿದಾಗಲೆಲ್ಲ ಜಗ್ಗುವುದು ಅವರ ಕ್ರಮ. “ಯಜಮಾನ ಯಾರು ಅಂತ ತೋರಿಸಬೇಕು ಸರ್, ತೋಳಗಳ ಗುಂಪಿನಲ್ಲಿ ಹಾಗೇ ಇರುತ್ತೆ” ಎನ್ನುತ್ತಿದ್ದರು. ಐದನೇ ದಿನ ನಾನು ತಲೆ ಸವರಲು ಕೈ ಎತ್ತಿದರೆ ಗುಂಡ ಕಿವಿ ಹಿಂದಕ್ಕೆ ಮಾಡಿ ನೆಲಕ್ಕೆ ಒತ್ತಿಕೊಂಡ. ಅವತ್ತೇ ನಿಲ್ಲಿಸಿದೆವು. ಆಮೇಲೆ ಓದಿ ತಿಳಿದದ್ದು: ಗುಂಪಿಗೊಬ್ಬ ಯಜಮಾನ ಎಂಬ ಆ ‘ಆಲ್ಫಾ’ ಮಾತು ಹುಟ್ಟಿದ್ದು ಸಂಬಂಧವಿಲ್ಲದ ತೋಳಗಳನ್ನು ಒಂದೇ ಆವರಣದಲ್ಲಿ ಕೂಡಿಹಾಕಿ ನೋಡಿದ್ದರಿಂದ. ಕಾಡಿನ ತೋಳದ ಗುಂಪು ಸಾಮಾನ್ಯವಾಗಿ ಅಪ್ಪ, ಅಮ್ಮ, ಮರಿಗಳ ಸಂಸಾರ ಎಂದು ತೋಳಗಳ ತಜ್ಞ ಡೇವಿಡ್ ಮೆಕ್ 1999ರಲ್ಲೇ ಬರೆದಿದ್ದಾರೆ. ಪ್ರಾಣಿಗಳ ನಡವಳಿಕೆ ನೋಡುವ ಅಮೆರಿಕದ ಪಶುವೈದ್ಯರ ಸಂಘವೂ 2021ರಲ್ಲಿ ಎಲ್ಲ ನಾಯಿಗಳಿಗೂ ಬಹುಮಾನ ಕೊಟ್ಟು ಕಲಿಸುವ ದಾರಿಯೇ ಇರಲಿ ಎಂದು ಹೇಳಿದೆ. ನನಗೆ ಮಾತ್ರ ಅಷ್ಟೆಲ್ಲ ಓದುವ ಮೊದಲೇ, ನೆಲಕ್ಕೆ ಒತ್ತಿಕೊಂಡ ಆ ಮೈ ನೋಡಿಯೇ ಸಾಕಾಗಿತ್ತು.

ಹಾಗಾಗಿ ಮೊದಲಿನಿಂದ ಶುರು ಮಾಡಿದೆ. ಬಟಾಣಿ ಕಾಳಿನಷ್ಟು ಚಿಕ್ಕದಾಗಿ ಕತ್ತರಿಸಿದ, ಬೇಯಿಸಿದ ಕೋಳಿಯ ಚೂರುಗಳು. ಮತ್ತೆ ಒಂದು ಪದ: “ಯೆಸ್”. ಮೊದಲ ಎರಡು ದಿನ ಬೇರೆ ಏನೂ ಇಲ್ಲ. ಯೆಸ್ ಅನ್ನುವುದು, ಚೂರು ಕೊಡುವುದು. ಯೆಸ್ ಅಂದ ಕೂಡಲೇ ಅವನು ತಟ್ಟನೆ ನನ್ನ ಕಡೆ ತಿರುಗಲು ಶುರು ಮಾಡಿದಾಗ ಪದ ತಯಾರಾಯಿತು ಎಂದು ಗೊತ್ತಾಯಿತು. ಈ ಪದ ಕ್ಯಾಮೆರಾದ ಬಟನ್ ಇದ್ದ ಹಾಗೆ. ಸರಿಯಾದ ಕೆಲಸ ಆದ ಆ ಗಳಿಗೆಯನ್ನು ಹಿಡಿದುಕೊಳ್ಳುತ್ತದೆ. ಜೇಬಿನಿಂದ ಚೂರು ತೆಗೆಯಲು ಎರಡು ಸೆಕೆಂಡು ತಡವಾದರೂ ಪರವಾಗಿಲ್ಲ, ಯಾವುದಕ್ಕೆ ಸಿಕ್ಕಿತು ಎಂದು ನಾಯಿಗೆ ಗೊತ್ತಿರುತ್ತದೆ. ಒತ್ತಿದರೆ ಟಿಕ್ ಎಂದು ಸದ್ದು ಮಾಡುವ ಕ್ಲಿಕ್ಕರ್ ಕೂಡ ಇದೇ ಕೆಲಸಕ್ಕೆ. ಒಂದು ಕೈಯಲ್ಲಿ ನಾಯಿಯನ್ನು ಹಿಡಿಯುವ ಹಗ್ಗ, ಅಂದರೆ ಲೀಶ್, ಇನ್ನೊಂದರಲ್ಲಿ ಚೂರು ಇರುವಾಗ ನನಗೆ ಮಾತೇ ಸುಲಭವಾಯಿತು. ಚೂರುಗಳ ಲೆಕ್ಕ ಮಾತ್ರ ಇಟ್ಟಿರಿ. ದಿನದ ಆಹಾರದಲ್ಲಿ ಅವು ಹತ್ತರಲ್ಲಿ ಒಂದು ಪಾಲು ಮೀರಬಾರದು. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ನಾಯಿಗೆ ವಿಷ. ಇದು ಮನೆಯ ಮಕ್ಕಳಿಗೂ ಗೊತ್ತಿರಲಿ.

‘ಕೂತ್ಕೋ’ ಬಂದದ್ದು ಒಂದೇ ಸಂಜೆಯಲ್ಲಿ. ಚೂರನ್ನು ಮೂಗಿನ ಹತ್ತಿರ ಹಿಡಿದು ನಿಧಾನವಾಗಿ ತಲೆಯ ಮೇಲೆ ಹಿಂದಕ್ಕೆ ಒಯ್ದೆ. ಮೂಗು ಮೇಲೆ ಹೋಗುತ್ತಿದ್ದಂತೆ ಹಿಂಭಾಗ ತಾನಾಗಿ ಕೆಳಗೆ ಬಂತು. ನೆಲ ಮುಟ್ಟಿದ ಕೂಡಲೇ ಯೆಸ್. ಸೊಂಟ ಒತ್ತಿ ಕೂರಿಸಬೇಡಿ. ಒತ್ತಿದರೆ ನಾಯಿ ತಿರುಗಿ ಮೇಲಕ್ಕೆ ಒತ್ತುತ್ತದೆ. ಏಳೆಂಟು ಸಲದ ನಂತರ ಚೂರಿಲ್ಲದ ಬರಿಗೈಯನ್ನೇ ಅದೇ ರೀತಿ ಆಡಿಸಿದೆ. ಆಗಲೂ ಕೂತ. ಪದ ಸೇರಿಸಿದ್ದು ಆಮೇಲೆ. ಮೊದಲು “ಕೂತ್ಕೋ”, ಒಂದು ಕ್ಷಣ ಬಿಟ್ಟು ಕೈ. ಎರಡನ್ನೂ ಒಟ್ಟಿಗೆ ಮಾಡಿದರೆ ನಾಯಿ ಕೈಯನ್ನಷ್ಟೇ ನೋಡುತ್ತದೆ, ಮಾತು ಕಿವಿಗೆ ಹೋಗುವುದಿಲ್ಲ.

ಆದರೆ ಅಡುಗೆಮನೆಯಲ್ಲಿ ಚೆನ್ನಾಗಿ ಕೂರುತ್ತಿದ್ದವನು ಗೇಟಿನ ಹತ್ತಿರ ಕೂರಲೇ ಇಲ್ಲ. ಹಟ ಮಾಡುತ್ತಿದ್ದಾನೆ ಎಂದುಕೊಂಡೆ. ಹಟವಲ್ಲ. ಒಂದು ಜಾಗದಲ್ಲಿ ಕಲಿತದ್ದನ್ನು ಇನ್ನೊಂದು ಜಾಗಕ್ಕೆ ಹೊತ್ತುಕೊಂಡು ಹೋಗುವುದು ನಾಯಿಗೆ ಸುಲಭವಲ್ಲ. ಹಾಲ್, ಮೆಟ್ಟಿಲು, ಅಂಗಳ, ರಸ್ತೆ, ಪ್ರತಿ ಕಡೆಯೂ ಮೊದಲಿನಿಂದ ಕಲಿಸಿದೆ. ನಾನು ಕುರ್ಚಿಯಲ್ಲಿ ಕೂತು ಹೇಳಿದಾಗ, ಬೆನ್ನು ತಿರುಗಿಸಿ ಹೇಳಿದಾಗ, ಅವೂ ಅವನಿಗೆ ಹೊಸ ಪಾಠಗಳೇ. ಒಂದೊಂದು ಪಾಠ ಮೂರರಿಂದ ಐದು ನಿಮಿಷ, ದಿನಕ್ಕೆ ಮೂರು ಸಲ. ಅವನಿಗೆ ಬೇಜಾರಾಗುವ ಮೊದಲೇ ನಿಲ್ಲಿಸುತ್ತಿದ್ದೆ.

ಪದಗಳ ವಿಷಯದಲ್ಲಿ ನಮ್ಮ ಮನೆಯಲ್ಲಿ ದೊಡ್ಡ ಗೊಂದಲವಿತ್ತು. ನಾನು ಕೂತ್ಕೋ ಅನ್ನುತ್ತಿದ್ದೆ, ಮಗಳು ಸಿಟ್, ಅಮ್ಮ “ಕೂರೋ ಮರಿ”. ಅಮೆರಿಕದ ಚೇಸರ್ ಎಂಬ ಬಾರ್ಡರ್ ಕೋಲಿ ತಳಿಯ ನಾಯಿ 1,022 ಆಟಿಕೆಗಳ ಹೆಸರು ಕಲಿತಿತ್ತು. ಅದನ್ನು ಕಲಿಸಿದ ಮನಶ್ಶಾಸ್ತ್ರಜ್ಞ ಜಾನ್ ಪಿಲ್ಲಿ ಮೂರು ವರ್ಷ ದುಡಿದಿದ್ದರು. ಅಲ್ಲಿ ಒಂದು ಆಟಿಕೆಗೆ ಒಂದೇ ಹೆಸರು. ನಮ್ಮ ಗುಂಡನಿಗೆ ಒಂದು ಕೆಲಸಕ್ಕೆ ಮೂರು ಹೆಸರು! ಹಾಳೆಯಲ್ಲಿ ಪದಗಳನ್ನು ಬರೆದು ಫ್ರಿಜ್ ಮೇಲೆ ಅಂಟಿಸಿದೆವು. ಎಲ್ಲರೂ ಅದನ್ನೇ ಹೇಳಬೇಕು.

ಇನ್ನೊಂದು ತೊಡಕು ನಾನು ಊಹಿಸಿರಲಿಲ್ಲ. ‘ಇರು’ ಅಂದ ಮೇಲೆ ಎದ್ದೇಳಲು ಅನುಮತಿಯ ಪದ ಬೇಕಲ್ವಾ? ‘ಸರಿ’ ಎಂದು ಇಟ್ಟುಕೊಂಡಿದ್ದೆ. ಒಂದು ದಿನ ಅವನು ಕೂತಿದ್ದಾಗ ಫೋನ್ ಬಂತು, ನಾನು “ಸರಿ, ಸರಿ” ಅಂದೆ, ಅವನು ಎದ್ದು ಹೋದ. ಅವನ ತಪ್ಪೇನೂ ಇರಲಿಲ್ಲ. ಮನೆಯಲ್ಲಿ ಸುಮ್ಸುಮ್ನೆ ಬಾಯಿಗೆ ಬರುವ ಮಾತನ್ನು ನಾಯಿಗೆ ಕೊಡಬಾರದು. ಈಗ ಆ ಪದ ‘ಹೊರಡು’. ‘ಇರು’ ಕಲಿಸುವಾಗ ಹೊತ್ತು, ದೂರ, ಗಲಾಟೆ ಈ ಮೂರರಲ್ಲಿ ಒಂದು ಸಲಕ್ಕೆ ಒಂದನ್ನೇ ಹೆಚ್ಚಿಸಿದೆ. ಚೂರನ್ನು ಅವನಿದ್ದಲ್ಲಿಗೇ ಹೋಗಿ ಕೊಟ್ಟೆ. ನನ್ನ ಹತ್ತಿರ ಕರೆದು ಕೊಟ್ಟಿದ್ದರೆ ಎದ್ದು ಬಂದದ್ದಕ್ಕೆ ಕೊಟ್ಟಂತೆ ಆಗುತ್ತಿತ್ತು.

ಈಗ ‘ಬಾ’ ವಿಷಯಕ್ಕೆ ಬರುತ್ತೇನೆ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಬೇರೆ ಯಾವ ಪಾಠ ಬರದಿದ್ದರೂ ನಡೆಯುತ್ತದೆ, ಇದು ಬರದಿದ್ದರೆ ಜೀವಕ್ಕೇ ಅಪಾಯ.

ಹಳೆಯ ‘ಬಾ’ ಕೆಟ್ಟುಹೋಗಿತ್ತು. ಮೇಲಾಗಿ ಅದು ದಿನಕ್ಕೆ ನೂರು ಸಲ ಮನೆಯವರಿಗೆ ಹೇಳುವ ಮಾತು. ಅದನ್ನು ಬಿಟ್ಟು ‘ಓಡ್ಬಾ’ ಎಂಬ ಹೊಸ ಪದ ತೆಗೆದುಕೊಂಡೆ. ಮೊದಲ ವಾರ ಅವನು ಎಲ್ಲಿಂದಲೂ ಬರಬೇಕಾಗಿರಲಿಲ್ಲ. ಪಕ್ಕದಲ್ಲೇ ನಿಂತಿದ್ದಾಗ “ಓಡ್ಬಾ”, ಮತ್ತೆ ಒಂದರ ಹಿಂದೆ ಒಂದರಂತೆ ಐದಾರು ಚೂರು. ಎರಡನೇ ವಾರ ಪಕ್ಕದ ಕೋಣೆಯಿಂದ. ಆಮೇಲೆ ಮೈಗೆ ಹಾರ್ನೆಸ್ (ಎದೆಯ ಸುತ್ತ ಕಟ್ಟುವ ಪಟ್ಟಿ) ಹಾಕಿ ಹತ್ತು ಮೀಟರ್ ಹಗ್ಗ ಕಟ್ಟಿ ಬಯಲಿಗೆ. ಹಗ್ಗವನ್ನು ಕತ್ತಿನ ಬೆಲ್ಟಿಗೆ ಕಟ್ಟಬೇಡಿ. ಓಡುತ್ತಾ ಹಗ್ಗದ ಕೊನೆ ಮುಟ್ಟಿದರೆ ಕುತ್ತಿಗೆಗೆ ಪೆಟ್ಟು.

ಬರುತ್ತಾನೆ ಎಂಬ ನಂಬಿಕೆ ಇದ್ದಾಗ ಮಾತ್ರ ಕರೆಯುತ್ತಿದ್ದೆ. ಅವನು ಅಳಿಲಿನ ಮೇಲೆ ಕಣ್ಣಿಟ್ಟು ನಿಂತಿದ್ದರೆ ಬಾಯಿ ಬಿಡುತ್ತಿರಲಿಲ್ಲ, ಸುಮ್ಮನೆ ಹಗ್ಗ ಹಿಡಿದು ಅವನ ಹತ್ತಿರಕ್ಕೇ ಹೋಗುತ್ತಿದ್ದೆ. ಹತ್ತು ಸಲ ಕರೆದು ಹತ್ತು ಸಲ ಬರದೇ ಹೋದರೆ ಆ ಪದ ಬರೀ ಸದ್ದಾಗುತ್ತದೆ. ಕರೆದ ಮೇಲೆ ಅವನ ಕಡೆ ನಡೆಯದೆ, ತಿರುಗಿ ನಾಲ್ಕು ಹೆಜ್ಜೆ ಓಡುತ್ತಿದ್ದೆ. ಬೆನ್ನಟ್ಟಿದರೆ ನಾಯಿ ಓಡುತ್ತದೆ, ನಾವು ಓಡಿದರೆ ಹಿಂದೆ ಬರುತ್ತದೆ. ಬಂದ ಮೇಲೆ ಮೊದಲು ಬೆಲ್ಟ್ ಮುಟ್ಟಿ ಆಮೇಲೆ ಚೂರು ಕೊಡುತ್ತಿದ್ದೆ. ಇಲ್ಲದಿದ್ದರೆ ಚೂರು ಕಿತ್ತುಕೊಂಡು ಕೈಗೆ ಸಿಗದೆ ಜಾರುವುದನ್ನು ಕಲಿಯುತ್ತದೆ.

ಇಷ್ಟಾದ ಮೇಲೆ “ಹೊರಡು” ಎಂದು ಮತ್ತೆ ಆಡಲು ಬಿಡುತ್ತಿದ್ದೆ. ನನ್ನ ಪ್ರಕಾರ ಇದೇ ಜೀವಾಳ. ಹತ್ತು ಸಲ ಕರೆದರೆ ಒಂಬತ್ತು ಸಲ ಆಟಕ್ಕೇ ವಾಪಸ್. ಬಂದರೆ ಆಟ ಮುಗಿಯುವುದಿಲ್ಲ, ಚೂರೂ ಸಿಕ್ಕಿತು, ಆಟವೂ ಉಳಿಯಿತು ಎಂದು ಅವನ ಲೆಕ್ಕ ಬದಲಾಯಿತು. ಸ್ನಾನಕ್ಕೆ, ಔಷಧಿಗೆ ಇವತ್ತಿಗೂ ಅವನನ್ನು ಕರೆಯುವುದಿಲ್ಲ, ನಾನೇ ಹೋಗಿ ಕರೆದುಕೊಂಡು ಬರುತ್ತೇನೆ. ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಬಯಲಿನಲ್ಲಿ ಬೆಕ್ಕೊಂದು ಅಡ್ಡ ಹಾಯಿತು. ಗುಂಡ ಓಡಿದ. ಹಗ್ಗ ನೆಲದ ಮೇಲೆ ಎಳೆದುಕೊಂಡು ಹೋಗುತ್ತಿತ್ತು. “ಓಡ್ಬಾ!” ಅಂದೆ. ಅರ್ಧ ದಾರಿಯಲ್ಲಿ ತಿರುಗಿ, ಕಿವಿ ಹಾರಿಸಿಕೊಂಡು ನನ್ನ ಕಾಲ ಬಳಿ ಬಂದು ನಿಂತ. ಜೇಬಿನಲ್ಲಿದ್ದದ್ದನ್ನೆಲ್ಲ ಕೊಟ್ಟುಬಿಟ್ಟೆ. ಕಣ್ಣು ತುಂಬಿ ಬಂದಿತ್ತು. ಆದರೂ ರಸ್ತೆ ಬದಿಯಲ್ಲಿ ಲೀಶ್ ಬಿಚ್ಚುವುದಿಲ್ಲ. ಯಾವ ನಾಯಿಯೂ ನೂರಕ್ಕೆ ನೂರು ಸಲ ಬರುವುದಿಲ್ಲ.

ಬಂದವರ ಮೈಮೇಲೆ ಹಾರುವುದನ್ನು ಬಿಡಿಸುವುದು ಇನ್ನೊಂದು ದೊಡ್ಡ ಕೆಲಸವಾಗಿತ್ತು. ಒಬ್ಬ ಹಿರಿಯರ ಮುಂಗೈ ಗೀರಿ ರಕ್ತ ಬಂದಿತ್ತು. ಹಾರಿದಾಗ “ಏಯ್, ಬೇಡ” ಎಂದು ತಳ್ಳುತ್ತಿದ್ದೆವು. ಅವನಿಗೆ ಅದೂ ಆಟ, ಮಾತೂ ಸಿಕ್ಕಿತು, ಕೈಯೂ ಸಿಕ್ಕಿತು. ಹಾಗಾಗಿ ನಾಲ್ಕೂ ಜನ ಒಂದೇ ಮಾತಿಗೆ ಬಂದೆವು: ಹಾರಿದರೆ ತಿರುಗಿ ನಿಲ್ಲುವುದು, ನಾಲ್ಕೂ ಕಾಲು ನೆಲದಲ್ಲಿದ್ದರೆ ಮುದ್ದು ಮಾಡುವುದು. ಮೊದಲ ವಾರ ಹಾರಾಟ ಜಾಸ್ತಿಯೇ ಆಯಿತು. ಮನಸ್ಸು ಬಿಡುವಂತಾಯಿತು. ಆದರೆ ಹೀಗಾಗುವುದು ಸಹಜ. ಯಾವಾಗಲೂ ತೆರೆಯುತ್ತಿದ್ದ ಬಾಗಿಲು ತೆರೆಯದಿದ್ದರೆ ನಾವೂ ಮೊದಲು ಜೋರಾಗಿ ಬಡಿಯುತ್ತೇವಲ್ಲ, ಹಾಗೆ. ಆ ವಾರದಲ್ಲಿ ಒಬ್ಬರು ಸೋತು ಮುದ್ದಿಸಿದರೂ ಇನ್ನೂ ಜೋರಾಗಿ ಹಾರಬೇಕು ಎಂದು ಕಲಿಯುತ್ತದೆ.

ಬೇಡ ಅಂದರೆ ಸಾಲದು, ಬದಲಿಗೆ ಏನು ಮಾಡಬೇಕು ಎಂದೂ ಹೇಳಬೇಕಲ್ಲ. ಬಾಗಿಲಿನಿಂದ ದೂರ ಒಂದು ಚಾಪೆ ಹಾಕಿದೆ. ಕಾಲಿಂಗ್ ಬೆಲ್ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಮೆಲ್ಲಗೆ ಹಾಕಿ, ಚಾಪೆಗೆ ಕರೆದೊಯ್ದು ಚೂರು ಕೊಟ್ಟೆ. ದಿನದಿಂದ ದಿನಕ್ಕೆ ಸದ್ದು ಏರಿಸಿದೆ. ಈಗ ಬೆಲ್ ಆದರೆ ಚಾಪೆಗೆ ಹೋಗುತ್ತಾನೆ. ಕಷ್ಟ ಅತಿಥಿಗಳದ್ದು. “ಪರವಾಗಿಲ್ಲ ಬಿಡಿ, ನನಗೆ ನಾಯಿ ಅಂದ್ರೆ ಇಷ್ಟ” ಎಂದು ಹಾರಿದವನನ್ನೇ ತಬ್ಬಿಕೊಳ್ಳುತ್ತಾರೆ. ಅವರಿಗೆ ಬಾಗಿಲಲ್ಲೇ ಕೈಗೆ ಒಂದು ಚೂರು ಕೊಟ್ಟು, “ಕೂತ ಮೇಲೆ ಕೊಡಿ” ಅನ್ನುತ್ತೇನೆ. ಖುಷಿಯಿಂದ ಒಪ್ಪುತ್ತಾರೆ.

ಊಟದ ಹೊತ್ತಿನ ಗೋಗರೆತ ಅಮ್ಮನಿಂದ ನಿಂತಿತು. “ಪಾಪ, ಹೇಗೆ ನೋಡ್ತಾನೆ, ಒಂದು ಚೂರು ಕೊಟ್ರೆ ಏನಾಗುತ್ತೆ?” ಎನ್ನುತ್ತಿದ್ದವರು ಅವರು. “ಕೊಡಮ್ಮ, ಬೇಡ ಅನ್ನಲ್ಲ. ಊಟ ಮುಗಿದ ಮೇಲೆ, ಅವನು ಚಾಪೆ ಮೇಲಿದ್ದರೆ, ಅವನ ಬಟ್ಟಲಿಗೇ ಹಾಕು” ಅಂದೆ. ಈಗ ಅದು ಅವರಿಬ್ಬರ ನಡುವಿನ ಒಪ್ಪಂದ.

ಗದರಿಸುವ ಬಗ್ಗೆ ಒಂದು ಮಾತು. ನಾವಿಲ್ಲದಾಗ ದಿಂಬು ಹರಿದು, ನಾವು ಬಂದಾಗ ತಲೆ ತಗ್ಗಿಸಿ ನಿಂತರೆ “ತಪ್ಪು ಮಾಡಿದ್ದು ಅವನಿಗೆ ಗೊತ್ತು” ಅನ್ನುತ್ತೇವೆ. ನಾಯಿಗಳ ನಡವಳಿಕೆ ಅಧ್ಯಯನ ಮಾಡುವ ವಿಜ್ಞಾನಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಇದನ್ನೇ ಪರೀಕ್ಷಿಸಿದರು. ಆ ಮುಖಕ್ಕೂ ನಾಯಿ ಮಾಡಿದ ತಪ್ಪಿಗೂ ಸಂಬಂಧ ಕಾಣಲಿಲ್ಲ. ಯಜಮಾನ ಬೈದಾಗ ಆ ಮುಖ ಬರುತ್ತಿತ್ತು, ತಪ್ಪೇ ಮಾಡದ ನಾಯಿಗಳಲ್ಲೂ. ಅದನ್ನು ಓದಿದ ದಿನ ಗುಂಡನಿಗೆ ಬೈದ ಎಷ್ಟೋ ಸಂಜೆಗಳು ನೆನಪಾಗಿ ಸಂಕಟವಾಯಿತು. ಈಗ ದಿಂಬನ್ನು ಎತ್ತಿಡುತ್ತೇವೆ, ಕಚ್ಚಲು ಅವನದೇ ರಬ್ಬರ್ ಆಟಿಕೆ ಕೊಡುತ್ತೇವೆ.

ಗುರುಗುಟ್ಟಿದ್ದಕ್ಕೂ ಹೊಡೆಯಬೇಡಿ, ಬೈಯಬೇಡಿ. ಮೂಳೆ ಕಡಿಯುವಾಗ ಮಗಳು ಹತ್ತಿರ ಹೋದರೆ ಒಮ್ಮೆ ಗುರ್ ಅಂದ. ನಾನು ಮಗಳನ್ನು ಮೆಲ್ಲಗೆ ಹಿಂದಕ್ಕೆ ಕರೆದೆ. ಗುರುಗುಟ್ಟುವುದು ಎಚ್ಚರಿಕೆ. ಅದನ್ನು ಬಾಯಿ ಮುಚ್ಚಿಸಿದರೆ ಮುಂದೊಮ್ಮೆ ಎಚ್ಚರಿಕೆ ಇಲ್ಲದೇ ಕಚ್ಚಬಹುದು. ತಿನ್ನುವಾಗ ಅವನ ಹತ್ತಿರ ಹೋಗಬಾರದು ಎಂದು ಮಗಳಿಗೆ ಕಲಿಸಿದೆವು. ನಾನು ದೂರದಿಂದಲೇ ಇನ್ನೂ ರುಚಿಯಾದ ಚೂರು ಎಸೆದು ಸುಮ್ನೆ ಹೋಗುತ್ತಿದ್ದೆ. ಕೆಲವು ವಾರಗಳಲ್ಲಿ ನಾನು ಬರುವುದು ಕಂಡರೆ ಬಾಲ ಆಡಿಸತೊಡಗಿದ. ಆಮೇಲೆ ‘ಬಿಡು’ ಕಲಿಸುವುದೂ ಹಗುರಾಯಿತು. ಕಚ್ಚುವ ಮಟ್ಟಕ್ಕೆ ಹೋಗಿದ್ದರೆ ನೀವೇ ಪ್ರಯೋಗ ಮಾಡಬೇಡಿ, ಮೊದಲು ಪಶುವೈದ್ಯರಿಗೆ ತೋರಿಸಿ. ಎಷ್ಟೋ ಸಲ ಒಳಗೆ ನೋವು ಇರುತ್ತದೆ.

ಆಟದ ವರಸೆಗಳು ಮಗಳ ಪಾಲು. ಕೈ ಕೊಡುವುದು, ಸುತ್ತು ಹಾಕುವುದು ಬೇಗ ಬಂದವು. ‘ಬಗ್ಗು’ ಮಾತ್ರ ಅವಳು ಕಲಿಸಿದ ರೀತಿ ನನಗೆ ತುಂಬ ಹಿಡಿಸಿತು. ನಿದ್ದೆಯಿಂದ ಎದ್ದು ಮುಂಗಾಲು ಚಾಚಿ ಮೈ ಮುರಿಯುತ್ತಾನಲ್ಲ, ಪ್ರತಿದಿನ ಬೆಳಿಗ್ಗೆ ಅದಕ್ಕೇ ಕಾದು ಯೆಸ್ ಅನ್ನುತ್ತಿದ್ದಳು. ಎರಡು ವಾರ ಬಿಟ್ಟು ಅವನು ಅವಳ ಮುಂದೆ ಬಂದು ಬೇಕೆಂದೇ ಬಗ್ಗಿದ.

ಈಗ ಉಗುರು ಕತ್ತರಿಸುವುದನ್ನು ಹಿಡಿದಿದ್ದೇವೆ. ಮೊದಲು ಇಬ್ಬರು ಅದುಮಿ ಹಿಡಿದು ಕತ್ತರಿಸುತ್ತಿದ್ದೆವು. ಈ ಸಲ ಹಾಗಿಲ್ಲ. ಕತ್ತರಿ ತೋರಿಸಿ ಚೂರು, ಪಾದ ಮುಟ್ಟಿ ಚೂರು, ಉಗುರಿಗೆ ಕತ್ತರಿ ತಾಗಿಸಿ ಚೂರು. ಕಾಲು ಹಿಂದಕ್ಕೆ ಎಳೆದುಕೊಂಡರೆ ಅವತ್ತಿಗೆ ಅಲ್ಲಿಗೇ ನಿಲ್ಲಿಸುತ್ತೇನೆ. ಮೂರು ವಾರ ಆಯಿತು. ನಿನ್ನೆ ಅವನೇ ಬಂದು ಚಾಪೆಯ ಮೇಲೆ ಮಲಗಿ ಮುಂಗಾಲು ನನ್ನ ತೊಡೆಯ ಮೇಲಿಟ್ಟ. ಎರಡು ಉಗುರು ಕತ್ತರಿಸಿದೆ.