ಧಾತು ಬರದಲ್ಲಿ ಬಂದವಳ ಹೆಸರು ಹುಡುಕಿದ್ದು

ನಮ್ಮ ಮನೆಯಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರ ಹಬ್ಬ ಮಾಡುತ್ತೇವೆ. ಹೊಸ ಪಂಚೆ, ಸೀರೆ ಇಟ್ಟು, ಎಡೆ ಹಾಕಿ, ಸತ್ತವರನ್ನು ಹೆಸರು ಹಿಡಿದು ಕರೆಯುವುದು ಪದ್ಧತಿ. ಅಪ್ಪ, ಅಜ್ಜ, ಮುತ್ತಜ್ಜ. ಹೆಣ್ಣುಮಕ್ಕಳಲ್ಲಿ ಇಬ್ಬರು ಅಜ್ಜಿಯರು. ಅಲ್ಲಿಗೆ ಅಮ್ಮನಿಗೆ ಹೆಸರು ಮುಗಿಯುತ್ತಿತ್ತು. “ಗೊತ್ತಿದ್ದೋರು, ಗೊತ್ತಿಲ್ದೋರು, ಎಲ್ಲಾರೂ ಬಂದು ಉಣ್ರಪ್ಪಾ” ಎಂದು ಕೈ ಮುಗಿಯುತ್ತಿದ್ದರು.

ಅಪ್ಪ ತೀರಿಕೊಂಡ ವರ್ಷ ಆ ಮಾತು ನನ್ನನ್ನು ಹಿಡಿದುಕೊಂಡಿತು. ಗೊತ್ತಿಲ್ಲದೋರು ಅಂದರೆ ಯಾರು? ನಮ್ಮೂರು ಜಗಳೂರು ತಾಲ್ಲೂಕಿನಲ್ಲಿದೆ. ನಾನು ಕೆಲಸಕ್ಕೆಂದು ದಾವಣಗೆರೆಗೆ ಬಂದು ನಿಂತವನು. ಇತಿಹಾಸ ಓದಿದವನಲ್ಲ. ಆದರೂ ಐದು ವರ್ಷ ರಜೆ ಸಿಕ್ಕಾಗಲೆಲ್ಲ ಇದೇ ಕೆಲಸ ಮಾಡಿದೆ. ನಮ್ಮ ಕಡೆಯವರು ಯಾರಾದರೂ ತಮ್ಮ ಮನೆತನ ಹುಡುಕಲು ಹೊರಟರೆ ಉಪಯೋಗವಾದೀತು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೋಗಿದ್ದು ಸೋದರತ್ತೆಯ ಹತ್ತಿರ. ಅವರಿಗೆ ಎಂಬತ್ತೆಂಟು. ಹೆಣ್ಣುಮಕ್ಕಳು ಮದುವೆಯಾಗಿ ಬೇರೆ ಊರಿಗೆ ಹೋದ ಮೇಲೆ ತವರಿನ ಕತೆಯನ್ನು ಜಾಸ್ತಿ ಜೋಪಾನ ಮಾಡುತ್ತಾರೆ, ಇದು ನಾನು ಕಂಡಿದ್ದು. ಮನೆಯಲ್ಲೇ ಉಳಿದ ಗಂಡಸರಿಗೆ ಹೊಲದ ಗಡಿ ನೆನಪಿರುತ್ತದೆ, ಮನುಷ್ಯರು ನೆನಪಿರುವುದಿಲ್ಲ. ಅತ್ತೆ ಹೇಳಿದ್ದು ಇಷ್ಟೇ: “ನಮ್ಮೋರು ಈ ಊರೋರಲ್ಲ ಕಣಪ್ಪಾ. ಧಾತು ಬರದಾಗ ಬಂದೋರು.”

ನಾನು ಪಂಚಾಂಗ ನೋಡಿ ಧಾತು ಸಂವತ್ಸರ ಅಂದರೆ 1936 ಎಂದು ಬರೆದುಕೊಂಡೆ. ಇದು ನನ್ನ ದೊಡ್ಡ ತಪ್ಪು. ಸಂವತ್ಸರಗಳು 60. ಅದೇ ಹೆಸರು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಧಾತು 1876ರಲ್ಲೂ ಬಂದಿತ್ತು, 1936ರಲ್ಲೂ ಬಂತು, 1996ರಲ್ಲೂ ಬಂತು. ನಾನು ಸುಮ್ನೆ ಹತ್ತಿರದ್ದನ್ನು ಹಿಡಿದುಕೊಂಡು ಎಂಟು ತಿಂಗಳು ಅದರ ಸುತ್ತಲೇ ಹುಡುಕಿದೆ. ಏನೂ ಸಿಗಲಿಲ್ಲ.

ತಪ್ಪು ತಿಳಿದಿದ್ದು ಊರಿನ ಪ್ರಾಥಮಿಕ ಶಾಲೆಯಲ್ಲಿ. ಹೆಡ್ ಮೇಷ್ಟ್ರು ಒಳ್ಳೆಯವರು, ಹಳೆಯ ದಾಖಲಾತಿ ಪುಸ್ತಕ ತೆಗೆದು ಮುಂದಿಟ್ಟರು. ಅದರಲ್ಲಿ ದೊಡ್ಡಪ್ಪನ ಹೆಸರಿತ್ತು. ಹುಟ್ಟಿದ ಊರು ಎಂಬಲ್ಲಿ ನಮ್ಮೂರೇ ಇತ್ತು, ಹುಟ್ಟಿದ ವರ್ಷ 1930. 1936ರಲ್ಲಿ ಬಂದವರ ಮಗ 1930ರಲ್ಲಿ ಇಲ್ಲಿ ಹುಟ್ಟುವುದು ಹೇಗೆ? (ಆ ಪುಸ್ತಕದ ತಾರೀಖನ್ನು ಪೂರ್ತಿ ನಂಬಬೇಡಿ. ಸೇರಿಸುವ ದಿನ ಮಗುವಿನ ಗಾತ್ರ ನೋಡಿ ಮೇಷ್ಟ್ರೇ ಹಾಕಿದ ತಾರೀಖುಗಳು ಬಹಳ. ಆದರೆ ಆರು ವರ್ಷ ಹೆಚ್ಚುಕಡಿಮೆ ಆಗುವುದಿಲ್ಲ.) ಮತ್ತೆ ಅತ್ತೆಯ ಹತ್ತಿರ ಓಡಿದೆ. ಬಂದಾಗ ಯಾರು ಯಾರಿದ್ದರು ಎಂದು ಕೇಳಿದೆ. “ನಮ್ಮಜ್ಜ ಆಗ ಸೊಂಟದ ಮ್ಯಾಲಿನ ಕೂಸು. ಅವ್ನ ಅಣ್ಣ ಕೈ ಹಿಡ್ಕಂಡು ನಡ್ಕಂತ ಬಂದಿದ್ನಂತೆ. ಅವ್ವ ಒಬ್ಬಳೇ” ಎಂದರು. ಅತ್ತೆಯ ಅಜ್ಜ ಎಂದರೆ ನನ್ನ ಮುತ್ತಜ್ಜ. ಅಂದರೆ ಇದು 1876ರ ಧಾತು.

ಆ ಬರ ಧಾತುವಿನಲ್ಲಿ ಶುರುವಾಗಿ ಈಶ್ವರ ಸಂವತ್ಸರಕ್ಕೂ ದಾಟಿತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷ ಜನ ಇದ್ದರು. ಹತ್ತು ವರ್ಷ ಬಿಟ್ಟು ಎಣಿಸಿದಾಗ ಸುಮಾರು 42 ಲಕ್ಷ. ಜನ ಹೆಚ್ಚಬೇಕಾದ ಕಾಲದಲ್ಲಿ ಎಂಟು ಲಕ್ಷ ಕಡಿಮೆ. ಈ ಲೆಕ್ಕ ನನಗೆ ಮೊದಲೂ ಓದಿ ಗೊತ್ತಿತ್ತು. ಆದರೆ ಎರಡು ಮಕ್ಕಳನ್ನು ಕಟ್ಟಿಕೊಂಡು ಒಬ್ಬಳೇ ನಡೆದುಬಂದ ಹೆಂಗಸಿನ ವಂಶ ನಾವು ಎಂದು ತಿಳಿದ ಮೇಲೆ ಆ ಲೆಕ್ಕವನ್ನು ಮೊದಲಿನ ಹಾಗೆ ಓದಲು ಆಗಲಿಲ್ಲ.

ಅವಳ ಹೆಸರೇನು ಎಂದು ಕೇಳಿದೆ. ಅತ್ತೆ ಬಹಳ ಹೊತ್ತು ಯೋಚಿಸಿದರು. “ಅವ್ವ ಅಂತಿದ್ರಪ್ಪಾ. ಹೆಸ್ರು ಯಾರೂ ಹೇಳ್ಲಿಲ್ಲ.”

ಅವತ್ತಿನಿಂದ ನಾನು ಹುಡುಕಿದ್ದು ಆ ಒಂದು ಹೆಸರನ್ನು.

ಹಿರಿಯರನ್ನು ಮಾತಾಡಿಸುವಾಗ ಇಸವಿ ಕೇಳಬೇಡಿ. ಯಾವ ಬರ, ಯಾವ ಬೇನೆ, ಯಾವ ಕೆರೆ ಕೋಡಿ ಬಿದ್ದ ವರ್ಷ ಅಂತ ಕೇಳಿ. ನಾನು ಒಂದು ಹಾಳೆಯಲ್ಲಿ ಗುರುತು ಮಾಡಿಕೊಂಡಿದ್ದೆ. ವಿಳಂಬಿ ಎಂದರೆ 1898, ಮೈಸೂರು ಸೀಮೆಗೆ ಪ್ಲೇಗು ಕಾಲಿಟ್ಟ ವರ್ಷ. ಕಾಳಯುಕ್ತಿ 1918, ಇನ್‌ಫ್ಲುಯೆಂಜಾ ಜ್ವರದ ವರ್ಷ. ಮಾರಿಕಣಿವೆ (ವಾಣಿವಿಲಾಸ ಸಾಗರ) ಕಟ್ಟೆ ಮುಗಿದಿದ್ದು 1907. ಯಾರ ಮದುವೆ, ಯಾರ ಸಾವು ಇದರ ಹಿಂದೆ, ಯಾರದು ಮುಂದೆ ಎಂದು ಕೇಳಿದರೆ ಸರಿಯಾಗಿ ಹೇಳುತ್ತಾರೆ.

ಬಾಯಿಮಾತು ಅಲ್ಲಿಗೆ ನಿಂತಿತು. ಇನ್ನು ಕಾಗದ. ನಮ್ಮಂಥ ರೈತರ ಮನೆಗಳಿಗೆ ಕಾಗದ ಎಂದರೆ ಜಮೀನಿನ ಕಾಗದ, ಬೇರೆ ಇಲ್ಲ. ಜನನ ಮರಣ ನೋಂದಣಿ ಕಾಯ್ದೆ ಬಂದಿದ್ದೇ 1969ರಲ್ಲಿ. ಭೂಮಿ ಯೋಜನೆಯ ಕಂಪ್ಯೂಟರ್ ಪಹಣಿ ಸುಮಾರು 2000ದಿಂದ ಈಚೆಗೆ ಮಾತ್ರ. ಅದರ ಹಿಂದಿನ ಕೈಬರಹದ ಪಹಣಿ, ಮ್ಯುಟೇಶನ್ (ಖಾತೆ ಬದಲಾವಣೆ) ಪುಸ್ತಕ, ಆರ್‌ಆರ್ ಎಂಬ ಹಕ್ಕುದಾಖಲೆ ಇವೆಲ್ಲ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿರುತ್ತವೆ. ಅಲ್ಲಿ ಮನುಷ್ಯನ ಹೆಸರು ಹೇಳಿದರೆ ಏನೂ ಸಿಗುವುದಿಲ್ಲ. ಸರ್ವೆ ನಂಬರ್ ಹೇಳಬೇಕು. ಈಗಿನ ಪಹಣಿಯಿಂದ ಮ್ಯುಟೇಶನ್ ನಂಬರ್ ಹಿಡಿದು ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿಯಬೇಕು. ಈಗ ಹಿಸ್ಸೆಯಾಗಿ ಆರು ತುಂಡಾದ ಹೊಲ ಮೊದಲು ಒಂದೇ ನಂಬರಿನಲ್ಲಿತ್ತು ಎಂಬುದು ನೆನಪಿರಲಿ.

ಇನ್ನೊಂದು ತೊಡಕಿದೆ. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ಜಗಳೂರು ಅದಕ್ಕೂ ಮುಂಚೆ ಚಿತ್ರದುರ್ಗ ಜಿಲ್ಲೆ. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಲ್ಲಿದ್ದವು. ಹರಪನಹಳ್ಳಿ ಬಳ್ಳಾರಿಯಿಂದ ಬಂದು 2018ರಲ್ಲಿ ವಾಪಸ್ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆ. ನಿಮಗೆ ಬೇಕಾದ ಕಾಗದ ಈಗಿನ ಜಿಲ್ಲೆಯಲ್ಲೇ ಇರಬೇಕು ಅಂತೇನಿಲ್ಲ. ಶಾಸನಗಳಿಗೂ ಇದೇ ಮಾತು. ಬಿ.ಎಲ್. ರೈಸ್ ಅವರ ಶಾಸನ ಸಂಪುಟಗಳಾದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ದಾವಣಗೆರೆ, ಜಗಳೂರು 11ನೇ ಸಂಪುಟದಲ್ಲಿವೆ. ಹೊನ್ನಾಳಿ, ಚನ್ನಗಿರಿ ಬೇಕೆಂದರೆ ಶಿವಮೊಗ್ಗದ 7ನೇ ಸಂಪುಟ ತೆಗೆಯಬೇಕು.

ಕಚೇರಿಯಲ್ಲಿ ಕಷ್ಟ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ಕಡೆ ಮೂರು ಸಲ ಅರ್ಜಿ ಕೊಟ್ಟೆ, ಮೂರು ಸಲವೂ ‘ಕಡತ ಲಭ್ಯವಿಲ್ಲ’ ಎಂಬ ಹಿಂಬರಹ ಬಂತು. ನಾಲ್ಕನೇ ಸಲ ಬೇರೆ ಗುಮಾಸ್ತರು ಇದ್ದರು, ಅದೇ ಬಸ್ತಾ (ಕಡತದ ಗಂಟು) ಕಪಾಟಿನ ಮೇಲಿತ್ತು. ಗೆದ್ದಲು ತಿಂದು ಅರ್ಧ ಉಳಿದಿತ್ತು. ಒಂದು ಊರಿನ ನೂರು ವರ್ಷದ ನೆನಪು ಹಾಗೆ ಬಿದ್ದಿರುವುದು ನೋಡಿ ನಿಜಕ್ಕೂ ಸಂಕಟವಾಯಿತು.

ಆದರೆ ಅದಕ್ಕಿಂತ ದೊಡ್ಡ ಕಷ್ಟ ನೆಂಟರದ್ದು. ನಾನು ಹಳೇ ಪಹಣಿ ತೆಗೆಸುತ್ತಿದ್ದೇನೆ ಎಂಬ ಸುದ್ದಿ ಊರಿಗೆ ನನಗಿಂತ ಮುಂಚೆ ಮುಟ್ಟಿತು. ಚಿಕ್ಕಪ್ಪ ಮಾತು ಬಿಟ್ಟರು. ಅವರ ಮಗ ಫೋನ್ ಮಾಡಿ, “ಅಣ್ಣಾ, ಪಾಲು ಬೇಕಿದ್ರೆ ನೇರವಾಗಿ ಕೇಳು” ಎಂದ. ಬಹಳ ನೋವಾಯಿತು. ಆದರೆ ಅವನ ತಪ್ಪಲ್ಲ. ನಮ್ಮ ಕಡೆ ಹಳೆಯ ಕಾಗದ ಹುಡುಕುವವರು ಕೋರ್ಟಿಗೆ ಹೋಗುವವರೇ ತಾನೇ? ತೆಗೆಸಿದ ಎಲ್ಲ ಕಾಗದದ ಇನ್ನೊಂದು ಪ್ರತಿ ಮಾಡಿಸಿ ಚಿಕ್ಕಪ್ಪನ ಮನೆಗೆ ತೆಗೆದುಕೊಂಡು ಹೋದೆ. ಯಾಕೆ ಹುಡುಕುತ್ತಿದ್ದೇನೆ ಎಂದು ಕೂತು ಹೇಳಿದೆ. ಅವರು ಒಳಗೆ ಹೋಗಿ ಒಂದು ತಗಡಿನ ಟ್ರಂಕು ತಂದರು. ಅದರಲ್ಲಿ ಪಾಲು ವಿಭಾಗ ಪತ್ರ, ಕಂದಾಯದ ರಸೀದಿಗಳು, ಅಜ್ಜನ ಕಾಲದ ಒಂದು ಕ್ರಯಪತ್ರ ಇದ್ದವು. ಮೊದಲ ದಿನವೇ ಹೇಳಿದ್ದರೆ ಅರ್ಧ ಓಡಾಟ ಉಳಿಯುತ್ತಿತ್ತು. ನೀವು ಈ ಕೆಲಸ ಶುರು ಮಾಡುವ ಮುಂಚೆ ದಾಯಾದಿಗಳ ಮನೆಗೆ ಹೋಗಿ ಹೇಳಿ ಬನ್ನಿ.

ಆ ಕ್ರಯಪತ್ರದಲ್ಲಿ ಹಳೆಯ ಸರ್ವೆ ನಂಬರ್ ಸಿಕ್ಕಿತು. ಅದನ್ನು ಹಿಡಿದು ಹೋದಾಗ ಆ ಗೆದ್ದಲು ತಿಂದ ಬಸ್ತಾದಲ್ಲೇ ಸೆಟ್ಲ್‌ಮೆಂಟ್ ಕಾಲದ, ಅಂದರೆ ಹೊಲ ಅಳೆದು ಕಂದಾಯ ಗೊತ್ತುಮಾಡಿದ ಕಾಲದ ಒಂದು ಪುಸ್ತಕ ಇತ್ತು. ಹಳೆಯ ಮೈಸೂರಿನ ಕಾಗದ ಓದಿದವರಿಗೆ ಗೊತ್ತು, ಅದರಲ್ಲಿ ಮಗ ಎನ್ನುವುದಕ್ಕೆ ‘ಬಿನ್’ ಎಂದೂ ಹೆಂಡತಿ ಎನ್ನುವುದಕ್ಕೆ ‘ಕೋಂ’ ಎಂದೂ ಬರೆಯುತ್ತಾರೆ. ಪುಟದ ತುಂಬ ಬಿನ್, ಬಿನ್, ಬಿನ್. ಬೆರಳಿಟ್ಟುಕೊಂಡು ಇಳಿಯುತ್ತಾ ಹೋದೆ. ನಮ್ಮ ನಂಬರಿನ ಮುಂದೆ ಒಂದೇ ಒಂದು ಕೋಂ.

ಅವಳ ಹೆಸರು ಅಲ್ಲಿತ್ತು. ಗಂಡನ ಹೆಸರೂ ಇತ್ತು. ಮೂರು ಎಕರೆ ಹದಿನಾಲ್ಕು ಗುಂಟೆ ಖುಷ್ಕಿ (ಮಳೆ ನಂಬಿದ ಹೊಲ) ಅವಳ ಖಾತೆಯಲ್ಲಿತ್ತು. ಊರಿಗೆ ಬರಿಗೈಯಲ್ಲಿ ಬಂದವಳು, ಮಕ್ಕಳನ್ನು ಸಾಕಿ, ತನ್ನ ಹೆಸರಿಗೇ ಹೊಲ ಮಾಡಿಕೊಂಡಿದ್ದಳು. ನಾವು ನಾಲ್ಕು ತಲೆಮಾರು ಆ ಹೊಲದ ಜೋಳ ಉಂಡೆವು, ಹೆಸರು ಮಾತ್ರ ಮರೆತೆವು. ನಾನು ಆ ಮೇಜಿನ ಮುಂದೆ ನಿಂತು ಅತ್ತುಬಿಟ್ಟೆ. ಗುಮಾಸ್ತರು ಕುರ್ಚಿ ಕೊಟ್ಟು ನೀರು ತರಿಸಿದರು.

ಆದರೆ ಎಲ್ಲಿಂದ ಬಂದಳು? ಅದು ಪುಸ್ತಕದಲ್ಲಿಲ್ಲ. ಅದನ್ನು ಹೇಳಿದ್ದು ಹೆಳವರು. ಸುಗ್ಗಿ ಮುಗಿದ ಮೇಲೆ ಗಂಟೆ ಕಟ್ಟಿದ ಎತ್ತಿನ ಮೇಲೆ ಕೂತು ಬಂದು, ಬಾಗಿಲಲ್ಲಿ ನಿಂತು ಮನೆತನದ ಹಿರಿಯರ ಹೆಸರನ್ನು ಸಾಲಾಗಿ ಹೇಳುವವರು. ನಮ್ಮ ಮನೆಗೆ ಅವರು ಬಂದು ಬಹಳ ವರ್ಷವಾಗಿತ್ತು. ಅತ್ತೆಯ ಊರಿನಲ್ಲಿ ವಿಚಾರಿಸಿ, ಒಬ್ಬರಿಂದ ಒಬ್ಬರಿಗೆ ಹೇಳಿಸಿ ಕರೆಸಿದೆ. ಬಂದವರು ಮೊದಲು ಕೇಳಿದ್ದು ಮನೆದೇವರು ಯಾವುದು, ಬೆಡಗು (ಕುಲದೊಳಗಿನ ಬಳಿ) ಯಾವುದು ಎಂದು. ಉಚ್ಚಂಗಮ್ಮ ಎಂದೆ. ಹೊತ್ತಿಗೆ ಬಿಚ್ಚಿದರು. ಓದಿದ್ದಕ್ಕಿಂತ ಬಾಯಲ್ಲಿ ಹೇಳಿದ್ದೇ ಜಾಸ್ತಿ. ನಡುವೆ ತಡೆದು ಪ್ರಶ್ನೆ ಕೇಳಬೇಡಿ, ಧಾಟಿ ತಪ್ಪುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲೇ ಎಂದು ಮೊದಲೇ ಕೇಳಿ. ಪುಸ್ತಕದಲ್ಲಿದ್ದ ಗಂಡನ ಹೆಸರು ಅವರ ಬಾಯಲ್ಲೂ ಬಂತು. ನಾನು ಅದನ್ನು ಅವರಿಗೆ ಮೊದಲೇ ಹೇಳಿರಲಿಲ್ಲ, ಬೇಕೆಂದೇ. ಅವರು ಅವನಿಗೆ ಒಂದು ಊರಿನ ಹೆಸರನ್ನೂ ಸೇರಿಸಿದರು. ಅವಳ ಹೆಸರು ಅವರಲ್ಲೂ ಇರಲಿಲ್ಲ.

ಜೋಳ, ಬಟ್ಟೆ, ದುಡ್ಡು ಕೊಟ್ಟು ಕಳಿಸುವಾಗ ನಮ್ಮ ಮನೆಯ ಹೊಸ ಮಕ್ಕಳ ಹೆಸರು ಬರೆದುಕೊಂಡರು. ನನ್ನ ಮಗಳದ್ದನ್ನೂ ಬರೆಯಿರಿ ಎಂದೆ. ಒಂದು ಗಳಿಗೆ ನನ್ನ ಮುಖ ನೋಡಿ, ಬರೆದುಕೊಂಡರು.

ಆ ಊರು ಈಗಿಲ್ಲ. ಕೂಡ್ಲಿಗಿ ಕಡೆಯ ಒಂದು ಗ್ರಾಮ ನಕಾಶೆಯಲ್ಲಿ ಬೇಚಿರಾಕ್ ಎಂದಿದೆ. ಬೇಚಿರಾಕ್ ಎಂದರೆ ದೀಪ ಹಚ್ಚುವವರಿಲ್ಲದ ಊರು. ನಮ್ಮ ಜಗಳೂರಿನಿಂದ ದೂರವೇನಲ್ಲ. ಆದರೆ ಕೂಡ್ಲಿಗಿ ಇದ್ದ ಬಳ್ಳಾರಿ ಸೀಮೆ 1953ರವರೆಗೆ ಮದರಾಸಿಗೆ ಸೇರಿತ್ತು, ಜಗಳೂರು ಮೈಸೂರಿಗೆ. ಅವಳು ಆ ಬರದಲ್ಲಿ ದಾಟಿದ್ದು ಒಂದು ಸರ್ಕಾರದ ಗಡಿ. ಅದಕ್ಕೇ ನಮ್ಮ ತಾಲ್ಲೂಕಿನ ಯಾವ ಕಾಗದದಲ್ಲೂ ಅವಳ ಊರು ಸಿಗಲಿಲ್ಲ.

ದಿಶಾಂಕ್ ಆ್ಯಪ್ ಹಿಡಿದು ಹೋದೆ. ನಿಂತ ಜಾಗದ ಸರ್ವೆ ನಂಬರ್ ಅದು ತೋರಿಸುತ್ತದೆ. ಕುರಿ ಕಾಯುತ್ತಿದ್ದ ಒಬ್ಬ ಅಜ್ಜ ಉಳಿದ ದಾರಿ ತೋರಿಸಿದ. ಎರಡು ಹುಣಸೆಮರ, ಮುಚ್ಚಿಹೋದ ಬಾವಿ, ಚಾವಣಿಯಿಲ್ಲದ ಹನುಮಪ್ಪನ ಗುಡಿ. ಮುಳ್ಳುಕಂಟಿಯಲ್ಲಿ ಒಂದು ವೀರಗಲ್ಲು. ಕೆಳಗಿನ ಪಟ್ಟಿಯಲ್ಲಿ ಕಾಳಗ ಮತ್ತು ದನ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗ. ದನ ಬಿಡಿಸಲು ಹೋಗಿ ಸತ್ತವನ ಕಲ್ಲು. ಇಂಥದ್ದು ಸಿಕ್ಕರೆ ಸುಣ್ಣ, ಎಣ್ಣೆ, ಸೀಮೆಸುಣ್ಣ ಏನೂ ಹಚ್ಚಬೇಡಿ. ಬೆಳಿಗ್ಗೆ ಎಂಟರೊಳಗೆ ಹೋಗಿ, ಅಡ್ಡ ಬಿಸಿಲಲ್ಲಿ ಗೆರೆ ತಾನೇ ಎದ್ದು ಕಾಣುತ್ತದೆ.

ಆ ವೀರ ನಮ್ಮ ಹಿರಿಯ ಎನ್ನಲು ನನಗೂ ಆಸೆಯಾಯಿತು. ಅವನಿಗೂ ನಮಗೂ ನಡುವೆ ಎಷ್ಟೋ ನೂರು ವರ್ಷ ಇದೆ, ಒಂದು ಹೆಸರೂ ಇಲ್ಲ. ಬರೆಯಲಿಲ್ಲ. ನಮ್ಮ ಹಿರಿಯರು ಮದಕರಿನಾಯಕನ ಕೋಟೆ ಕಾದವರು ಎಂದು ಚಿಕ್ಕಪ್ಪ ಹೇಳುತ್ತಾರೆ. ಚಿತ್ರದುರ್ಗ ಹೈದರಾಲಿಯ ಕೈಗೆ ಹೋಗಿದ್ದು 1779ರಲ್ಲಿ. ನನ್ನ ಎಳೆ ಅಲ್ಲಿಯವರೆಗೆ ಹೋಗುವುದಿಲ್ಲ. ಅವರ ಮಾತನ್ನು ಅವರ ಮಾತು ಅಂತಲೇ ಬೇರೆ ಪುಟದಲ್ಲಿ ಬರೆದಿಟ್ಟಿದ್ದೇನೆ. ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಹೆಸರಿನ ಪಕ್ಕ ಯಾರು ಹೇಳಿದ್ದು, ಯಾವ ಕಾಗದದಲ್ಲಿ ನೋಡಿದ್ದು, ಯಾವ ದಿನ ಎಂದು ಇದೆ. ಎರಡು ಕಡೆಯಿಂದ ಬಂದ ಹೆಸರಿಗೆ ಮಾತ್ರ ಮಸಿಯಲ್ಲಿ ಬರೆಯುತ್ತೇನೆ. ಉಳಿದದ್ದು ಪೆನ್ಸಿಲ್.

ಅವಳ ಹೆಸರು ಒಂದೇ ಕಡೆ ಸಿಕ್ಕಿದ್ದು. ಆದರೂ ಅದನ್ನು ಮಸಿಯಲ್ಲೇ ಬರೆದೆ.

ಕಳೆದ ಹಿರಿಯರ ಹಬ್ಬಕ್ಕೆ ಅತ್ತೆಯನ್ನೂ ಚಿಕ್ಕಪ್ಪನ ಮನೆಯವರನ್ನೂ ಕರೆಸಿದ್ದೆ. ಅವಳಿಗೆಂದು ಒಂದು ಹಸಿರು ಸೀರೆ ತಂದಿದ್ದೆ. ಜೊತೆಗೆ ಬಳೆ ಇಡಬೇಕೋ ಬೇಡವೋ ಎಂದು ಮಾತು ಬಂತು. ಗಂಡ ಇಲ್ಲದವಳು, ಬಳೆ ಇಡುವ ಪದ್ಧತಿ ಇಲ್ಲ ಎಂದರು ಚಿಕ್ಕಮ್ಮ. ಅತ್ತೆ ಏನೂ ಹೇಳಲಿಲ್ಲ. ತಮ್ಮ ಕೈಯಿಂದ ಎರಡು ಗಾಜಿನ ಬಳೆ ಬಿಚ್ಚಿ ಸೀರೆಯ ಮೇಲಿಟ್ಟರು. ಅಮ್ಮ ಹೆಸರು ಹಿಡಿದು ಕರೆದರು.