ಕನ್ನಡ ಪ್ರಕಾಶಕರಿಗೆ ಪುಸ್ತಕದ ಪ್ರಸ್ತಾವ ಕಳಿಸುವುದು ಹೇಗೆ

ಕನ್ನಡದಲ್ಲಿ ಲೇಖಕರಿಗೂ ಪ್ರಕಾಶಕರಿಗೂ ನಡುವೆ ಏಜೆಂಟರು ಇಲ್ಲವೆಂದೇ ಹೇಳಬೇಕು. ನೀವು ಕಳಿಸಿದ ಇಮೇಲ್ ಹೆಚ್ಚಿನ ಕಡೆ ನೇರವಾಗಿ ಪ್ರಕಾಶಕರ ಕೈಗೇ ಹೋಗುತ್ತದೆ. ಇದು ಅನುಕೂಲವೂ ಹೌದು, ತೊಡಕೂ ಹೌದು. ಸಣ್ಣ ಪ್ರಕಾಶನಗಳಲ್ಲಿ ಹಸ್ತಪ್ರತಿ ಓದುವವರು, ಪ್ರೆಸ್ಸಿಗೆ ಓಡಾಡುವವರು, ಅಂಗಡಿಗಳಿಗೆ ಪಾರ್ಸೆಲ್ ಕಟ್ಟಿಸುವವರು, ಬಾಕಿ ವಸೂಲಿಗೆ ಫೋನ್ ಹಚ್ಚುವವರು ಎಲ್ಲ ಒಬ್ಬರೇ. ಅವರ ದಿನದಲ್ಲಿ ನಿಮಗೆ ಸಿಗುವುದು ಹತ್ತು ನಿಮಿಷ. ಅಷ್ಟರಲ್ಲಿ ಅವರು ಎರಡು ಪ್ರಶ್ನೆಗೆ ಉತ್ತರ ಹುಡುಕುತ್ತಾರೆ. ಇದನ್ನು ದುಡ್ಡು ಕೊಟ್ಟು ಕೊಳ್ಳುವವರು ಯಾರು? ಹೇಳಿದ್ದನ್ನು ಇವರು ಬರೆದು ಮುಗಿಸುತ್ತಾರಾ? ನೀವು ಕಳಿಸುವ ಪ್ರತಿ ಪುಟವೂ ಈ ಎರಡರಲ್ಲಿ ಒಂದಕ್ಕೆ ಉತ್ತರ ಕೊಡಬೇಕು. ಕೊಡದಿದ್ದರೆ ಆ ಪುಟ ಬೇಡ.

ಐಡಿಯಾ ಸಾಕೇ, ಹಸ್ತಪ್ರತಿ ಬೇಕೇ?

ಕಾದಂಬರಿ, ಕಥೆ, ಕವಿತೆಗಳಿಗೆ ಬರೀ ಐಡಿಯಾ ನಡೆಯುವುದಿಲ್ಲ. ಹೊಸಬರ ಕಾದಂಬರಿಯ ಕಥೆ ಎಷ್ಟೇ ಚೆನ್ನಾಗಿದ್ದರೂ ಬರವಣಿಗೆ ಹೇಗಿದೆ ಎಂದು ನೋಡದೆ ಯಾರೂ ಒಪ್ಪುವುದಿಲ್ಲ. ಪೂರ್ತಿ ಬರೆದು, ಒಂದು ತಿಂಗಳು ಬದಿಗಿಟ್ಟು, ತಿದ್ದಿ, ಆಮೇಲೆ ಕಳಿಸಿ. ವಿಜ್ಞಾನ, ಚರಿತ್ರೆ, ಆರೋಗ್ಯ, ಕೃಷಿ, ಪ್ರವಾಸ, ಜೀವನಚರಿತ್ರೆಯಂಥ ಪುಸ್ತಕಗಳಿಗೆ ಮಾತ್ರ ಪ್ರಸ್ತಾವ ಮತ್ತು ಎರಡು ಅಧ್ಯಾಯ ಸಾಕು. ಅಷ್ಟೇ ಅಲ್ಲ, ಪೂರ್ತಿ ಬರೆಯುವ ಮೊದಲೇ ಕೇಳುವುದು ಒಳ್ಳೆಯದು. ಪ್ರಕಾಶಕರು "ಇದನ್ನು 300 ಪುಟ ಮಾಡಬೇಡಿ, 160ಕ್ಕೆ ನಿಲ್ಲಿಸಿ" ಎಂದು ಆಗಲೇ ಹೇಳಿದರೆ ನಿಮ್ಮ ಆರು ತಿಂಗಳು ಉಳಿಯುತ್ತದೆ.

ಅನುವಾದದ್ದು ಬೇರೆ ದಾರಿ. ಮೊದಲು ಹಕ್ಕು, ಆಮೇಲೆ ಅನುವಾದ. ಭಾರತದ ಕೃತಿಸ್ವಾಮ್ಯ ಕಾಯ್ದೆ, 1957ರ ಪ್ರಕಾರ ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಹಕ್ಕು ಇರುತ್ತದೆ. ಇಡೀ ಪುಸ್ತಕ ಅನುವಾದ ಮಾಡಿ, ಆಮೇಲೆ ಅನುಮತಿ ಸಿಗದೆ ಕಡತವನ್ನು ಹಾಗೇ ಇಟ್ಟುಕೊಂಡವರು ಬಹಳ ಮಂದಿ ಇದ್ದಾರೆ. ಹತ್ತು ಪುಟ ಮಾತ್ರ ಅನುವಾದಿಸಿ, ಹಕ್ಕು ಯಾರ ಬಳಿ ಇದೆ ಎಂದು ಪತ್ತೆ ಮಾಡಿ, ಅವೆರಡನ್ನೂ ಪ್ರಕಾಶಕರ ಮುಂದಿಡಿ. ಹಕ್ಕು ಕೇಳುವ ಪತ್ರ ಪ್ರಕಾಶನದ ಹೆಸರಲ್ಲಿ ಹೋದರೆ ಉತ್ತರ ಬರುವ ಸಾಧ್ಯತೆಯೂ ಹೆಚ್ಚು.

ಇದೇ ನಿಯಮ ನಿಮ್ಮ ಸ್ವಂತ ಪುಸ್ತಕದೊಳಗೂ ಕಾಡುತ್ತದೆ. ಪ್ರತಿ ಅಧ್ಯಾಯದ ನೆತ್ತಿಯ ಮೇಲೆ ಒಂದು ಕವಿತೆ ಹಾಕುವ ಆಸೆ ಹಲವರಿಗೆ. ಡಿ.ವಿ.ಜಿ. ತೀರಿಕೊಂಡದ್ದು 1975ರಲ್ಲಿ, ಬೇಂದ್ರೆ 1981ರಲ್ಲಿ, ಕುವೆಂಪು 1994ರಲ್ಲಿ. ಅವರ ಪದ್ಯಗಳ ಹಕ್ಕು ಕ್ರಮವಾಗಿ 2035, 2041, 2054ರ ಕೊನೆಯವರೆಗೆ ಇರುತ್ತದೆ. ವಿಮರ್ಶೆಗಾಗಿ ನಾಲ್ಕು ಸಾಲು ಎತ್ತಿ ಚರ್ಚಿಸುವುದಕ್ಕೆ ಕಾಯ್ದೆಯಲ್ಲಿ ಅವಕಾಶವಿದೆ. ಅಲಂಕಾರಕ್ಕೆ ಇಡೀ ಪದ್ಯ ಹಾಕುವುದಾದರೆ ಅನುಮತಿ ಬೇಕು, ಅದನ್ನು ತರುವ ಹೊಣೆ ಸಾಮಾನ್ಯವಾಗಿ ಲೇಖಕರದ್ದೇ.

ಯಾರಿಗೆ ಕಳಿಸಬೇಕು

ತಿರಸ್ಕಾರಕ್ಕೆ ಬಹಳ ಸಲ ಕಾರಣ ಪುಸ್ತಕವಲ್ಲ, ವಿಳಾಸ. ನವಕರ್ನಾಟಕ ಪ್ರಕಾಶನ ವಿಜ್ಞಾನ, ಆರೋಗ್ಯ, ಸಮಾಜ ವಿಜ್ಞಾನದ ಪುಸ್ತಕಗಳನ್ನು ದಶಕಗಳಿಂದ ತರುತ್ತಿದೆ. ಹೆಗ್ಗೋಡಿನ ಅಕ್ಷರ ಪ್ರಕಾಶನದ ಪಟ್ಟಿಯಲ್ಲಿ ನಾಟಕ, ರಂಗಭೂಮಿ, ಸಾಹಿತ್ಯ ಚಿಂತನೆ ಎದ್ದು ಕಾಣುತ್ತವೆ. ಧಾರವಾಡದ ಮನೋಹರ ಗ್ರಂಥಮಾಲೆ 1933ರಿಂದ ಸಾಹಿತ್ಯ ಕೃತಿಗಳನ್ನು ತರುತ್ತಾ ಬಂದಿದೆ. ಛಂದ ಪುಸ್ತಕ ಪ್ರಕಾಶನ ಹೊಸ ಕಥೆಗಾರರ ಹಸ್ತಪ್ರತಿಗೆ ಸ್ಪರ್ಧೆ ನಡೆಸಿ ಗೆದ್ದ ಸಂಕಲನವನ್ನು ಪ್ರಕಟಿಸಿದೆ. ಗದಗಿನ ಲಡಾಯಿ ಪ್ರಕಾಶನ ಕವನಗಳ ಹಸ್ತಪ್ರತಿಗೆ ವಿಭಾ ಸಾಹಿತ್ಯ ಪ್ರಶಸ್ತಿ ಕೊಟ್ಟಿದೆ. ಕವಿತೆ ಬರೆಯುವವರಿಗೆ ಇಂಥ ಹಸ್ತಪ್ರತಿ ಸ್ಪರ್ಧೆಗಳೇ ಹತ್ತಿರದ ದಾರಿ, ಏಕೆಂದರೆ ಹೊಸಬರ ಕವನ ಸಂಕಲನಕ್ಕೆ ಅಂಗಡಿಯಲ್ಲಿ ಬೇಡಿಕೆ ತೀರಾ ಕಡಿಮೆ. ಕನ್ನಡ ಪುಸ್ತಕ ಪ್ರಾಧಿಕಾರವೂ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಅರ್ಜಿ ಕರೆದಾಗ ನಿಯಮಗಳನ್ನು ಸಾಲು ಸಾಲಾಗಿ ಓದಿ.

ಪುಸ್ತಕದಂಗಡಿಗೆ ಹೋಗಿ ಒಂದು ಮಧ್ಯಾಹ್ನ ಕಳೆಯಿರಿ. ನಿಮ್ಮ ವಿಷಯಕ್ಕೆ ಹತ್ತಿರವಾದ ಹತ್ತು ಪುಸ್ತಕ ತೆಗೆದು, ಒಳಗೆ ಪ್ರಕಾಶಕರ ವಿವರಗಳಿರುವ ಪುಟ ನೋಡಿ. ಯಾರು ತಂದದ್ದು, ಯಾವ ವರ್ಷ, ಎಷ್ಟನೇ ಮುದ್ರಣ, ಎಷ್ಟು ಪ್ರತಿ, ಎಷ್ಟು ಪುಟ, ಎಷ್ಟು ಬೆಲೆ ಎಲ್ಲ ಅಲ್ಲಿರುತ್ತದೆ. ಎರಡನೇ ಮುದ್ರಣ ಕಂಡರೆ ಆ ಪ್ರಕಾಶಕರು ಅಂಥ ಪುಸ್ತಕವನ್ನು ಮಾರಬಲ್ಲರು ಎಂದರ್ಥ. ಆ ಹತ್ತರಲ್ಲಿ ಮೂವರನ್ನು ಆರಿಸಿಕೊಳ್ಳಿ. ಮೂವರಿಗೂ ಒಟ್ಟಿಗೆ ಕಳಿಸುವುದಾದರೆ ಪತ್ರದಲ್ಲೇ ಅದನ್ನು ಹೇಳಿ. ಒಬ್ಬರು ಓದಿ ಒಪ್ಪುವ ಹೊತ್ತಿಗೆ ಇನ್ನೊಬ್ಬರು ಡಿಟಿಪಿಗೆ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟಲು, ಕೊಟ್ಟಿದ್ದಾರೆ ಎಂದು ತಿಳಿದರೆ ಇಬ್ಬರ ವಿಶ್ವಾಸವೂ ಹೋಗುತ್ತದೆ.

ಪತ್ರ

ಒಂದು ಪುಟ, ಸುಮಾರು 250 ಪದ. ಒಂದೇ ಪುಸ್ತಕದ ಬಗ್ಗೆ ಬರೆದ ಎರಡು ಪತ್ರಗಳ ಮೊದಲ ಸಾಲು ನೋಡಿ. ಪುಸ್ತಕ ಕಾಲ್ಪನಿಕ, ವಿಷಯ ಕೋಲಾರ ಸೀಮೆಯ ಕೆರೆಗಳಲ್ಲಿ ನೀರು ಹಂಚುವ ನೀರುಗಂಟಿಗಳು.

ಮೊದಲನೆಯದು: "ಮಾನ್ಯರೇ, ನಾನು ಬಾಲ್ಯದಿಂದಲೂ ಸಾಹಿತ್ಯಾಸಕ್ತ. ನಮ್ಮ ನಾಡಿನ ಅಮೂಲ್ಯ ಜಲಪರಂಪರೆ ಇಂದು ನಶಿಸುತ್ತಿರುವ ಈ ಸಂದರ್ಭದಲ್ಲಿ ಅದರ ಮಹತ್ವವನ್ನು ಯುವಪೀಳಿಗೆಗೆ ತಿಳಿಸುವ ಒಂದು ಸಣ್ಣ ಪ್ರಯತ್ನ ಈ ಕೃತಿ."

ಎರಡನೆಯದು: "ಕೆರೆಯ ತೂಬು ಯಾವಾಗ ಎತ್ತಬೇಕು, ಅಚ್ಚುಕಟ್ಟಿನ ಯಾವ ಗದ್ದೆಗೆ ಮೊದಲು ನೀರು ಬಿಡಬೇಕು ಎಂದು ತೀರ್ಮಾನಿಸುತ್ತಿದ್ದವರು ನೀರುಗಂಟಿಗಳು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ 14 ಕೆರೆಗಳಲ್ಲಿ ಈ ಕೆಲಸ ಮಾಡಿದ 22 ಜನರ ಮಾತು ದಾಖಲಿಸಿದ್ದೇನೆ. ಸುಮಾರು 30,000 ಪದಗಳ ಪುಸ್ತಕ. ಎರಡು ಅಧ್ಯಾಯ ಸಿದ್ಧವಿವೆ."

ಮೊದಲ ಪತ್ರದಲ್ಲಿ ಪುಸ್ತಕವೇ ಕಾಣುವುದಿಲ್ಲ. ಆ ಸಾಲುಗಳನ್ನು ಜಾನಪದಕ್ಕೂ ಯಕ್ಷಗಾನಕ್ಕೂ ಹಳೇ ಮನೆಗಳಿಗೂ ಹಾಕಬಹುದು. ಎರಡನೆಯದರಲ್ಲಿ ತೂಬು, ಅಚ್ಚುಕಟ್ಟು, 14 ಕೆರೆ, 22 ಜನ ಇದ್ದಾರೆ. ಬೇರೆ ಯಾರೂ ಈ ಪತ್ರ ಬರೆಯಲಾರರು ಎಂದು ಓದಿದವರಿಗೆ ಗೊತ್ತಾಗುತ್ತದೆ. "ಸಣ್ಣ ಪ್ರಯತ್ನ", "ತಪ್ಪಿದ್ದರೆ ಕ್ಷಮಿಸಿ" ಎಂಬ ಮಾತು ನಮ್ಮಲ್ಲಿ ವಿನಯದ ರೂಢಿ. ಪ್ರಸ್ತಾವದಲ್ಲಿ ಮಾತ್ರ ಅದು ಬೇಡ. ಬರೆದವರಿಗೇ ಭರವಸೆ ಇಲ್ಲದ ಪುಸ್ತಕಕ್ಕೆ ಇನ್ನೊಬ್ಬರು ಕಾಗದದ ದುಡ್ಡು ಯಾಕೆ ಹಾಕಬೇಕು? ಹಾಗೆಯೇ "ಕನ್ನಡದಲ್ಲಿ ಇಂಥ ಪುಸ್ತಕವೇ ಇಲ್ಲ" ಎಂದೂ ಬರೆಯಬೇಡಿ. ನಲವತ್ತು ವರ್ಷದಿಂದ ಪುಸ್ತಕ ಮಾರುತ್ತಿರುವವರಿಗೆ ಅಂಥ ಮೂರು ಹೆಸರು ತಕ್ಷಣ ನೆನಪಾಗುತ್ತವೆ. ಬದಲಿಗೆ ಹತ್ತಿರದ ಎರಡು ಪುಸ್ತಕದ ಹೆಸರು ಕೊಟ್ಟು, ನಿಮ್ಮದು ಎಲ್ಲಿ ಬೇರೆ ಎಂದು ಒಂದೊಂದು ಸಾಲಿನಲ್ಲಿ ಹೇಳಿ.

ಓದುಗರು ಯಾರು ಎಂಬಲ್ಲೂ ಇದೇ ಎಚ್ಚರ. "ಎಲ್ಲ ವಯಸ್ಸಿನವರೂ ಓದಬಹುದು" ಎಂದರೆ ಪ್ರಕಾಶಕರಿಗೆ ಏನೂ ಹೇಳಿದಂತಾಗಲಿಲ್ಲ. ಕೃಷಿ ಕಾಲೇಜಿನ ವಿದ್ಯಾರ್ಥಿಗಳು, ಕೆರೆ ಸಂಘಗಳ ಸದಸ್ಯರು, ಗ್ರಾಮೀಣ ಪತ್ರಕರ್ತರು ಎಂದು ಹೆಸರಿಸಿ. ನಿಮ್ಮ ಪರಿಚಯ ನಾಲ್ಕು ಸಾಲು ಇರಲಿ. ಪತ್ರಿಕೆಗಳಲ್ಲಿ ಇದೇ ವಿಷಯದ ಲೇಖನ ಬಂದಿದ್ದರೆ ದಿನಾಂಕ ಸಹಿತ ಬರೆಯಿರಿ. ಸನ್ಮಾನ, ಬಿರುದುಗಳ ಪಟ್ಟಿ ಬೇಡ.

ಪತ್ರದ ಜೊತೆಗೆ

ಪುಸ್ತಕದ ಸಾರಾಂಶ ಎರಡು ಪುಟ. ಕಾದಂಬರಿಯಾದರೆ ಅಂತ್ಯವನ್ನೂ ಹೇಳಿಬಿಡಿ. "ಮುಂದೇನಾಯಿತು ಎಂದು ಪುಸ್ತಕದಲ್ಲೇ ಓದಿ" ಎನ್ನುವುದು ಬೆನ್ನುಡಿಗೆ ಸರಿ, ಪ್ರಕಾಶಕರಿಗಲ್ಲ. ಕಥೆ ದಡ ಸೇರುತ್ತದೋ ಇಲ್ಲವೋ ಎಂಬುದೇ ಅವರಿಗೆ ತಿಳಿಯಬೇಕಾದದ್ದು. ಕಥೆಯಲ್ಲದ ಪುಸ್ತಕಕ್ಕೆ ಅಧ್ಯಾಯಗಳ ಪಟ್ಟಿ, ಪ್ರತಿ ಅಧ್ಯಾಯಕ್ಕೆ ಮೂರು ನಾಲ್ಕು ಸಾಲು ವಿವರ, ಅಂದಾಜು ಪದಸಂಖ್ಯೆ. ಆಮೇಲೆ ಎರಡು ಮಾದರಿ ಅಧ್ಯಾಯ. ಅದರಲ್ಲಿ ಒಂದು ಪುಸ್ತಕದ ನಟ್ಟನಡುವಿನದಾಗಿರಲಿ. ಮೊದಲ ಅಧ್ಯಾಯವನ್ನು ಎಲ್ಲರೂ ಹತ್ತು ಸಲ ತಿದ್ದಿರುತ್ತಾರೆ. ಕಸುವು ಗೊತ್ತಾಗುವುದು ಏಳನೇ ಅಧ್ಯಾಯದಲ್ಲಿ.

ಪುಟಗಳ ಲೆಕ್ಕವನ್ನು ನೀವೇ ಹಾಕಿಕೊಡಿ. ಕನ್ನಡದ ಪುಸ್ತಕಗಳಿಗೆ ರೂಢಿಯಲ್ಲಿರುವ ಅಳತೆ ಡೆಮಿ 1/8, ಅಂದರೆ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಅಕ್ಷರ ಮಧ್ಯಮ ಗಾತ್ರದ್ದಾದರೆ ಒಂದು ಪುಟಕ್ಕೆ ಸರಿಸುಮಾರು 200 ಕನ್ನಡ ಪದ ಹಿಡಿಯುತ್ತದೆ. 30,000 ಪದ ಎಂದರೆ 150 ಪುಟ. ಶೀರ್ಷಿಕೆ, ಪರಿವಿಡಿ, ಮುನ್ನುಡಿಗೆ ಹತ್ತು ಪುಟ ಸೇರಿಸಿದರೆ 160. ಮುದ್ರಣ 16 ಪುಟಗಳ ಫಾರಂ ಲೆಕ್ಕದಲ್ಲಿ ನಡೆಯುವುದರಿಂದ ಇದು ಸರಿಯಾಗಿ ಹತ್ತು ಫಾರಂ ಆಗುತ್ತದೆ. 163 ಪುಟವಾದರೆ ಮೂರು ಪುಟಕ್ಕಾಗಿ ಇನ್ನೊಂದು ಫಾರಂ ಹೋಗಬೇಕಾಗಬಹುದು, ಇಲ್ಲವೇ ಎಲ್ಲೋ ಕತ್ತರಿ ಹಾಕಬೇಕು. ಬಣ್ಣದ ಚಿತ್ರ ಎಷ್ಟು, ನಕ್ಷೆ ಎಷ್ಟು ಎಂದೂ ತಿಳಿಸಿ. ಬೆಲೆ ಏರುವುದು ಅಲ್ಲೇ.

ಹೆಸರಾಂತರಿಂದ ಮುನ್ನುಡಿ ಬರೆಸಿ ಹಸ್ತಪ್ರತಿಗೆ ಮೊದಲೇ ಅಂಟಿಸುವ ರೂಢಿಯನ್ನು ದಯವಿಟ್ಟು ಬಿಡಿ. ಪ್ರಕಾಶಕರು ಅಧ್ಯಾಯ ಬದಲಿಸಲು ಹೇಳಿದಾಗ ಮುನ್ನುಡಿಯಲ್ಲಿ ಹೊಗಳಿದ ಭಾಗವೇ ಪುಸ್ತಕದಲ್ಲಿ ಇಲ್ಲದಂತಾಗುತ್ತದೆ. ಹಿರಿಯರನ್ನು ಮತ್ತೆ ಹೇಗೆ ಕೇಳುವುದು ಎಂಬ ಸಂಕೋಚದಲ್ಲಿ ಆಗಬೇಕಾದ ತಿದ್ದುಪಡಿಯೇ ನಿಂತುಹೋಗುತ್ತದೆ.

ಕಡತ ಹೇಗಿರಬೇಕು

ಯೂನಿಕೋಡ್‌ನಲ್ಲಿ (ಯಾವ ಕಂಪ್ಯೂಟರಿನಲ್ಲೂ ತೆರೆಯುವ ಅಕ್ಷರ ಪದ್ಧತಿ) ಟೈಪ್ ಮಾಡಿದ ವರ್ಡ್ ಕಡತ ಒಂದು, ಅದರದ್ದೇ ಪಿಡಿಎಫ್ ಒಂದು. ಎರಡೂ ಬೇಕು. ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಪಿಡಿಎಫ್ ಇದ್ದರೆ ಓದಲಿಕ್ಕಾದರೂ ಆಗುತ್ತದೆ.

ಎಷ್ಟೋ ಡಿಟಿಪಿ ಅಂಗಡಿಗಳು ಇನ್ನೂ ಹಳೆಯ ಫಾಂಟ್‌ಗಳಲ್ಲೇ ಪುಟ ಕಟ್ಟುತ್ತವೆ. ನಿಮ್ಮ ಯೂನಿಕೋಡ್ ಕಡತವನ್ನು ಪರಿವರ್ತಿಸುವಾಗ ತಪ್ಪುಗಳು ನುಸುಳುವ ಜಾಗ ಗೊತ್ತಿರಲಿ. "ಪಾರ್ಕ್‌ನಲ್ಲಿ" ಎಂಬುದು "ಪಾರ್ಕ್ನಲ್ಲಿ" ಎಂದು ಒತ್ತಕ್ಷರವಾಗಿ ಕೂಡಿಕೊಳ್ಳುತ್ತದೆ. ಅರ್ಕಾವೊತ್ತು ಜಾಗ ತಪ್ಪುತ್ತದೆ. ನಡುವೆ ಇಂಗ್ಲಿಷ್ ಪದವಿದ್ದರೆ ಅದು ಅರ್ಥವಿಲ್ಲದ ಕನ್ನಡ ಅಕ್ಷರಗಳ ಗುಂಪಾಗುತ್ತದೆ. ಕರಡು ತಿದ್ದುವಾಗ ಮೊದಲು ಇವನ್ನೇ ಹುಡುಕಿ. ಪುಟಸಂಖ್ಯೆ ಹಾಕಿ, ಮೊದಲ ಪುಟದಲ್ಲಿ ಹೆಸರು ಮತ್ತು ಫೋನ್ ನಂಬರ್ ಬರೆಯಿರಿ. ಅಧ್ಯಾಯಕ್ಕೊಂದು ಕಡತ ಮಾಡಿ ಹದಿನೆಂಟು ಕಡತ ವಾಟ್ಸಾಪಿನಲ್ಲಿ ಕಳಿಸಿದರೆ ಅರ್ಧ ಕಳೆದುಹೋಗುತ್ತದೆ.

ಯಾವಾಗ, ಆಮೇಲೆ ಏನು

ನವೆಂಬರ್ ರಾಜ್ಯೋತ್ಸವದ ರಿಯಾಯಿತಿ ಮಾರಾಟದ ತಿಂಗಳು. ಸಾಹಿತ್ಯ ಸಮ್ಮೇಳನದ ವಾರಗಳಲ್ಲೂ ಪ್ರಕಾಶಕರು ಮಳಿಗೆಯಲ್ಲಿರುತ್ತಾರೆ. ಆಗ ಹೋಗಿ ಮಾತಾಡಿಸಬಹುದು, ಆದರೆ ಹಸ್ತಪ್ರತಿಯ ಕಟ್ಟು ಕೈಗಿಡಬೇಡಿ. "ಸರ್, ನೀರುಗಂಟಿಗಳ ಬಗ್ಗೆ ಪುಸ್ತಕ ಮಾಡ್ತಿದೀನಿ, ಮುಂದಿನ ತಿಂಗಳು ಮೇಲ್ ಮಾಡ್ಲಾ?" ಎಂದು ಕೇಳಿ ವಿಳಾಸ ಬರೆದುಕೊಂಡು ಬನ್ನಿ.

ಕಳಿಸಿದ ಮರುವಾರ ಫೋನ್ ಮಾಡಬೇಡಿ. ಆರು ವಾರದ ನಂತರ ಒಂದು ಸಾಲಿನ ಮೇಲ್, ಮೂರು ತಿಂಗಳಾದ ಮೇಲೆ ಒಂದು ಫೋನ್. ಆಗಲೂ ಉತ್ತರವಿಲ್ಲದಿದ್ದರೆ "ಬೇರೆಡೆ ಪ್ರಯತ್ನಿಸುತ್ತೇನೆ" ಎಂದು ತಿಳಿಸಿ ಮುಂದಕ್ಕೆ ಹೋಗಿ. "ನೋಡೋಣ" ಎಂಬ ಉತ್ತರ ಒಪ್ಪಿಗೆಯಲ್ಲ. ತಿದ್ದಲು ಹೇಳಿ ಕಳಿಸಿದರೆ ಮಾತ್ರ ಅದನ್ನು ಆಸಕ್ತಿಯೆಂದೇ ತಿಳಿಯಿರಿ. ಬೇಡವಾದ ಪುಸ್ತಕದ ಮೇಲೆ ಯಾರೂ ಅಷ್ಟು ಹೊತ್ತು ಕೂರುವುದಿಲ್ಲ.

ಒಪ್ಪಿದರೆ

ದುಡ್ಡಿನ ಮಾತು ಕೇಳಲು ನಾಚಬೇಡಿ. ಗೌರವಧನ ಸಾಮಾನ್ಯವಾಗಿ ಮುಖಬೆಲೆಯ ಶೇ. 10ರ ಆಸುಪಾಸು. 200 ರೂಪಾಯಿಯ ಪುಸ್ತಕ 500 ಪ್ರತಿ ಮಾರಾಟವಾದರೆ ನಿಮಗೆ 10,000 ರೂಪಾಯಿ. ಕೆಲವರು ದುಡ್ಡಿನ ಬದಲು ಪ್ರತಿಗಳನ್ನು ಕೊಡುತ್ತಾರೆ. ಲೆಕ್ಕ ವರ್ಷಕ್ಕೊಮ್ಮೆಯೋ, ಮುದ್ರಣಕ್ಕೊಮ್ಮೆಯೋ ಎಂದು ಮೊದಲೇ ಕೇಳಿ.

"200 ಪ್ರತಿ ನೀವೇ ಕೊಳ್ಳಬೇಕು" ಎಂಬ ಷರತ್ತು ಬಂದರೆ ಅವಮಾನ ಎಂದುಕೊಳ್ಳಬೇಡಿ, ಲೆಕ್ಕ ಹಾಕಿ. 200 ರೂಪಾಯಿ ಪುಸ್ತಕ ಶೇ. 40 ರಿಯಾಯಿತಿಯಲ್ಲಿ 120ಕ್ಕೆ ಸಿಕ್ಕರೂ 24,000 ರೂಪಾಯಿ ನಿಮ್ಮ ಕೈಯಿಂದ ಹೋಯಿತು. ಅಷ್ಟು ಪ್ರತಿ ಮಾರುವ ಜನ, ಊರು, ಸಂಸ್ಥೆ ನಿಮಗಿದ್ದರೆ ಒಪ್ಪಿ. ಇಲ್ಲದಿದ್ದರೆ ಮಂಚದ ಕೆಳಗೆ ಕಟ್ಟುಗಳು ಕೂರುತ್ತವೆ. ಪೂರ್ತಿ ಮುದ್ರಣ ವೆಚ್ಚವನ್ನೇ ಕೇಳಿದರೆ ಮಾರುವ ಹೊಣೆ ಯಾರದು ಎಂದು ಬರಹದಲ್ಲಿ ಪಡೆಯಿರಿ. ನಿಮ್ಮ ದುಡ್ಡಲ್ಲಿ ಅಚ್ಚಾಗಿ ಗೋದಾಮಿನಲ್ಲೇ ಉಳಿದರೆ ಅದನ್ನು ಪ್ರಕಾಶನ ಎನ್ನಲಾಗದು. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಆಯ್ಕೆಯಾದರೆ ಆ ಪ್ರತಿಗಳಿಗೂ ಗೌರವಧನ ಇದೆಯೇ ಎಂಬುದನ್ನೂ ಈಗಲೇ ಕೇಳಬೇಕು. ಐಎಸ್‌ಬಿಎನ್ (ಪುಸ್ತಕಕ್ಕೆ ಕೊಡುವ ಗುರುತಿನ ಸಂಖ್ಯೆ) ನಮ್ಮ ದೇಶದಲ್ಲಿ ಉಚಿತವಾಗಿ ಸಿಗುತ್ತದೆ. ಅದರ ಹೆಸರಲ್ಲಿ ಯಾರಾದರೂ ಶುಲ್ಕ ಕೇಳಿದರೆ ಯಾವುದಕ್ಕೆ ಎಂದು ವಿಚಾರಿಸಿ.

ಒಪ್ಪಂದ ಎರಡೇ ಪುಟವಿರಲಿ, ಸಹಿ ಇರಲಿ. ಹಕ್ಕು ವರ್ಗಾವಣೆ ಬರಹದಲ್ಲಿದ್ದು ಸಹಿಯಾಗಿದ್ದರೆ ಮಾತ್ರ ಸಿಂಧು ಎನ್ನುತ್ತದೆ ಕಾಯ್ದೆ. ಅವಧಿ ಬರೆಯದಿದ್ದರೆ ಅದನ್ನು ಐದು ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಸೀಮಿತ ಎಂದೂ ಭಾವಿಸಲಾಗುತ್ತದೆ. "ಎಲ್ಲ ಹಕ್ಕುಗಳೂ ಶಾಶ್ವತವಾಗಿ ಪ್ರಕಾಶಕರಿಗೆ" ಎಂಬ ಸಾಲು ಕಂಡರೆ ಅಲ್ಲೇ ನಿಲ್ಲಿ. ಮುದ್ರಣ, ಇ-ಪುಸ್ತಕ, ಆಡಿಯೋ, ಅನುವಾದ, ಸಿನಿಮಾ ಇವನ್ನು ಒಂದೊಂದಾಗಿ ಬರೆಸಿ, ಪ್ರಕಾಶಕರು ನಿಜವಾಗಿ ಬಳಸುವಷ್ಟನ್ನೇ ಕೊಡಿ. ಪ್ರತಿಗಳು ಮುಗಿದುಹೋಗಿ ಇಷ್ಟು ತಿಂಗಳೊಳಗೆ ಮರುಮುದ್ರಣ ಆಗದಿದ್ದರೆ ಹಕ್ಕು ಲೇಖಕರಿಗೆ ಮರಳುತ್ತದೆ ಎಂಬ ಸಾಲನ್ನೂ ತಿಂಗಳ ಸಂಖ್ಯೆ ಸಹಿತ ಸೇರಿಸಲು ಕೇಳಿ.