ಉತ್ತರ ದೇಶಗಳ ಚಳಿಗಾಲಕ್ಕೆ ಮನಸ್ಸನ್ನು ಅಣಿಗೊಳಿಸುವ ಬಗೆ

ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಹಗಲು 11 ಗಂಟೆಗೂ ಹೆಚ್ಚಿರುವಾಗ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಅದು ಸುಮಾರು 6 ಗಂಟೆಗೆ ಇಳಿದಿರುತ್ತದೆ. ಅಲ್ಲಿ ಹೊಸದಾಗಿ ನೆಲೆಸುವ ಕನ್ನಡಿಗರು ಚಳಿಗೆ ಅಂಜಿ ದಪ್ಪ ಕೋಟು ಕೊಳ್ಳುತ್ತಾರೆ. ಆದರೆ ಮನಸ್ಸನ್ನು ಕುಗ್ಗಿಸುವುದು ಚಳಿಗಿಂತ ಹೆಚ್ಚಾಗಿ ಬೆಳಕಿನ ಕೊರತೆ. ಬೆಳಗಿನ ಬೆಳಕು ಸಾಲದಿದ್ದಾಗ ನಿದ್ದೆ-ಎಚ್ಚರಗಳ ವೇಳೆಯನ್ನು ನಡೆಸುವ ದೇಹದ ಒಳಗಡಿಯಾರ ಹಿಂದೆ ಬೀಳುತ್ತದೆ. ಈ ಏರುಪೇರನ್ನು ಕೆಲವರ ದೇಹ ಸುಲಭವಾಗಿ ತಾಳಿಕೊಂಡರೆ ಇನ್ನು ಕೆಲವರದು ತಾಳಿಕೊಳ್ಳುವುದಿಲ್ಲ, ಅವರ ಮನಸ್ಸು ಮಂಕಾಗುತ್ತದೆ. ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು 1984ರಲ್ಲಿ ಋತುಮಾನದ ಖಿನ್ನತೆಯೆಂದು ವಿವರಿಸಿದ್ದು ಇದನ್ನೇ. ‘ಧೈರ್ಯ ತಂದುಕೋ’ ಎಂಬ ಊರಿನವರ ಉಪದೇಶ ಇಲ್ಲಿ ಹೆಚ್ಚು ಉಪಯೋಗಕ್ಕೆ ಬಾರದು.

ಆದ್ದರಿಂದ ಅಕ್ಟೋಬರ್‌ನಲ್ಲೇ ಸಿದ್ಧತೆ ಆರಂಭಿಸಿ. ಬೆಳಿಗ್ಗೆ ಎದ್ದ ಒಂದು ಗಂಟೆಯೊಳಗೆ, ಬೆಳಕಿನ ಚಿಕಿತ್ಸೆಗೆಂದೇ ತಯಾರಿಸಿದ 10,000 ಲಕ್ಸ್ (ಬೆಳಕಿನ ಪ್ರಖರತೆಯ ಅಳತೆ) ದೀಪದ ಮುಂದೆ 20ರಿಂದ 30 ನಿಮಿಷ ಕುಳಿತುಕೊಳ್ಳಿ. ದೀಪವನ್ನೇ ದಿಟ್ಟಿಸಬಾರದು, ಅದನ್ನು ಎದುರಿಗಿಟ್ಟುಕೊಂಡು ಕಾಫಿ ಕುಡಿದರೆ ಸಾಕು. ಕಣ್ಣಿನ ಕಾಯಿಲೆ ಅಥವಾ ಬೈಪೋಲಾರ್ ಸಮಸ್ಯೆ (ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ಹೊಯ್ದಾಡುವ ಕಾಯಿಲೆ) ಇರುವವರು ಮೊದಲು ವೈದ್ಯರನ್ನು ಕೇಳಬೇಕು. ಮಧ್ಯಾಹ್ನ ಮೋಡವಿದ್ದರೂ ಹೊರಗೆ ನಡೆದಾಡಿ, ಏಕೆಂದರೆ ಮೋಡ ಕವಿದ ಹಗಲು ಕೂಡ ಕೋಣೆಯ ದೀಪಕ್ಕಿಂತ ಪ್ರಖರವಾಗಿರುತ್ತದೆ.

ನಾರ್ವೆಯ ಟ್ರೊಮ್ಸೊದಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಮೂಡುವುದೇ ಇಲ್ಲ. ಆದರೂ ಅಲ್ಲಿನ ಅನೇಕರು ಸ್ಕೀಯಿಂಗ್‌ಗಾಗಿ, ಮೇಣದಬತ್ತಿಯ ಬೆಳಕಿನ ಕೂಟಗಳಿಗಾಗಿ ಆ ಕಾಲವನ್ನು ಎದುರುನೋಡುತ್ತಾರೆ. ನೀವೂ ಚಳಿಗಾಲಕ್ಕೆಂದೇ ಒಂದು ಹವ್ಯಾಸವನ್ನು ಮೀಸಲಿಡಿ. ಎರಡು ವಾರ ಕಳೆದರೂ ಮಂಕು ಹರಿಯದಿದ್ದರೆ ವೈದ್ಯರನ್ನು ಕಾಣಿ.